ರಿಪೇರಿರಾಯರ ನೇರಪ್ರಸಾರ

ಮಲಗುವ ಕೋಣೆಯ ಬಾಗಿಲು ಅವತ್ತು ಕಿರ್ರೆನ್ನದೆ ಇದ್ದಿದ್ದರೆ ರಿಪೇರಿರಾಯರು ಇವತ್ತಿಗೂ ತಮ್ಮ ಪಾಡಿಗೆ ತಾವು ಬ್ಲಾಗು ಬರೆದುಕೊಂಡು ಹಾಯಾಗಿರುತ್ತಿದ್ದರು.

ರಿಪೇರಿರಾಯರು ಎಂಬುದು ಅವರಿದ್ದ ಕಟ್ಟಡದ ನೆರೆಯವರು ಇಟ್ಟ ಹೆಸರು. ಹನ್ನೊಂದು ವರ್ಷದಿಂದ ಅವರು ‘ನಿಮ್ಮ ಮನೆ, ನಿಮ್ಮ ಕೈ’ ಎಂಬ ಬ್ಲಾಗು ನಡೆಸುತ್ತಿದ್ದರು. ಸೋರುವ ನಲ್ಲಿ, ಅಲುಗಾಡುವ ಕುರ್ಚಿ, ಮುಚ್ಚದ ಕಿಟಕಿ, ಎಲ್ಲವನ್ನೂ ಮನೆಯವರೇ ಸರಿಮಾಡಿಕೊಳ್ಳುವುದು ಹೇಗೆಂದು ಒಂಬೈನೂರು ಲೇಖನ ಬರೆದಿದ್ದರು. ಬರೆಯುವಾಗ ಎಂಥ ತುಕ್ಕು ಹಿಡಿದ ನಟ್ಟೂ ಅವರಿಗೆ ಮೂರೇ ಸುತ್ತಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು. ನಟ್ಟು ತಿರುಗಿಸುವ ಪಾನ ಕೈಯಲ್ಲಿ ಹಿಡಿದರೆ ಮಾತ್ರ ಕೈ ಗಡಗಡ ನಡುಗುತ್ತಿತ್ತು. ಆ ಗುಟ್ಟು ಹೆಂಡತಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆ ಬಾಗಿಲು ಕಿರ್ರೆಂದ ದಿನ ರಾಯರು ಅದರ ಕೀಲುಗಳಿಗೆ ಎರಡು ಹನಿ ಎಣ್ಣೆ ಬಿಡುವುದನ್ನು ಫೋನಿನಲ್ಲಿ ಹಿಡಿದು, ನಲವತ್ತು ಸೆಕೆಂಡಿನ ಆ ವಿಡಿಯೋವನ್ನು ಲೇಖನದ ಬಾಲಕ್ಕೆ ಅಂಟಿಸಿದರು. ಲೇಖನ ಓದಿದವರು ಇಪ್ಪತ್ತೆರಡು ಜನ. ವಿಡಿಯೋ ನೋಡಿದವರು ಮೂರು ಸಾವಿರ! ಅಲ್ಲಿಗೆ ಮುಗಿಯಿತು. ಮೊದಲು ಫೋನು ನಿಲ್ಲಿಸುವ ಸ್ಟ್ಯಾಂಡು ಬಂತು, ಅದರ ಬೆನ್ನಿಗೆ ಉಂಗುರದಂಥ ದೀಪ, ಅದರ ಬೆನ್ನಿಗೆ ಅಂಗಿಗೆ ಸಿಕ್ಕಿಸುವ ಮೈಕು. ಲೇಖನಗಳು ಸವೆದು ಸವೆದು ವಿಡಿಯೋದ ಕೆಳಗಿನ ಎರಡು ಸಾಲಾದವು. ಕಡೆಗೆ ಪ್ರೆಸ್ಸಿನಲ್ಲಿದ್ದ ಕರಡು ತಿದ್ದುವ ಕೆಲಸವನ್ನೂ ಬಿಟ್ಟು ರಾಯರು ವಿಡಿಯೋಗೇ ಕೂತರು. ಕೂತದ್ದೇ ತಡ, ನೋಡುವವರು ಇನ್ನೂರಕ್ಕೆ ಇಳಿದರು. ಎರಡು ಹನಿ ಎಣ್ಣೆ ನೋಡಲು ಜನಕ್ಕೆ ಇಷ್ಟ. ಅದಕ್ಕೆ ಮೊದಲು ರಾಯರು ಮಾಡುವ ಹದಿನೆಂಟು ನಿಮಿಷದ ಪೀಠಿಕೆ ಯಾರಿಗೆ ಬೇಕು?

“ರೀ, ನಾಲ್ಕು ತಿಂಗಳಿಂದ ನನ್ನ ತಮ್ಮ ನಿಮಗೋಸ್ಕರ ಜಾಗ ಖಾಲಿ ಇಟ್ಕೊಂಡು ಕಾಯ್ತಿದ್ದಾನೆ,” ಎಂದಳು ಹೆಂಡತಿ ಒಂದು ದಿನ.

ತಮ್ಮ ಎಂದರೆ ಸೇತುವೆ ಪಕ್ಕದ ಟೈಲ್ಸ್ ಅಂಗಡಿಯ ಭಾಮೈದ. ರಾಯರು ಆ ಅಂಗಡಿಯಲ್ಲಿ ಒಂದೇ ಒಂದು ದಿನ ನಿಂತು ನೋಡಿದ್ದರು. ಅಲ್ಲಿ ಕೆಲಸ ಮಾಡುವವರೆಲ್ಲ ತಲೆಗೆ ಹಳದಿ ಟೋಪಿ ಹಾಕಿಕೊಂಡು, ಬಂದವರಿಗೆಲ್ಲ “ಬನ್ನಿ, ನಮ್ಮ ನೆಲದ ಮೇಲೆ ಕಾಲಿಡಿ” ಎನ್ನಬೇಕು. ಐವರಿ, ಕ್ರೀಮು, ಬೆಣ್ಣೆಬಿಳುಪು ಎಂದು ಮೂರು ಟೈಲು ಮುಂದಿಟ್ಟರೆ ರಾಯರಿಗೆ ಮೂರೂ ಒಂದೇ. ಮೂರರಲ್ಲೂ ಹಳದಿ ಟೋಪಿ ಹಾಕಿದ ತಮ್ಮದೇ ಮುಖ ಹೊಳೆಯುತ್ತಿತ್ತು. ಅದನ್ನು ನೋಡಿಯೇ ಅವರಿಗೆ ಅವತ್ತು ಊಟ ಸೇರಲಿಲ್ಲ.

ಆದ್ದರಿಂದ ಬಾಯಿ ತಪ್ಪಿ ಪಂಥ ಕಟ್ಟಿದರು. “ಬುಧವಾರ ನೇರಪ್ರಸಾರ ಮಾಡ್ತೀನಿ. ಅಡುಗೆಮನೆ ನಲ್ಲಿ ಬದಲಾಯಿಸೋದು. ಹತ್ತು ಸಾವಿರ ಜನ ನೋಡದಿದ್ರೆ ಗುರುವಾರ ಬೆಳಿಗ್ಗೆ ನಾನೇ ಹೋಗಿ ಅವನ ಅಂಗಡಿ ಷಟರ್ ಎತ್ತುತ್ತೀನಿ.”

“ಆಮೇಲೆ ಮಾತು ತಪ್ಪೋ ಹಾಗಿಲ್ಲ,” ಎಂದಳು ಅವಳು, ಕ್ಯಾಲೆಂಡರಿನಲ್ಲಿ ಗುರುವಾರಕ್ಕೆ ಗುಂಡಗೆ ಒಂದು ಸುತ್ತು ಹಾಕುತ್ತಾ.

ಬುಧವಾರ ಬಂತು. ಹೆಂಡತಿ ಕಣ್ಣಾಸ್ಪತ್ರೆಯಲ್ಲಿ ನರ್ಸು, ಬೆಳಿಗ್ಗೆಯೇ ಡ್ಯೂಟಿಗೆ ಹೋದಳು. ಹೋಗುವಾಗ, “ಕನ್ನಡಕ ತೆಗೆದಿಡಿ, ದೀಪ ಅದರಲ್ಲಿ ಪಳಪಳ ಅನ್ನುತ್ತೆ” ಎಂದಿದ್ದಳು. ರಾಯರು ತಾರಸಿಗೆ ಹೋಗಿ ನೀರಿನ ವಾಲ್ವು ಮುಚ್ಚಿ ಬಂದರು. ಸ್ಟ್ಯಾಂಡಿನ ಕತ್ತು ಸಡಿಲವಾಗಿತ್ತು, ಅದಕ್ಕೆ ಟೇಪು ಸುತ್ತಿದರು. ಹಿಂದಿನ ಕ್ಯಾಮೆರಾದಲ್ಲಿ ಚಿತ್ರ ಚೆನ್ನಾಗಿ ಬರುತ್ತದೆಂದು ಫೋನನ್ನು ತಿರುಗಿಸಿ ನಿಲ್ಲಿಸಿದರು. ಹಾಗೆ ನಿಲ್ಲಿಸಿದರೆ ಪರದೆ ಅವರಿಗೆ ಕಾಣುವುದಿಲ್ಲ. ಎಷ್ಟು ಜನ ನೋಡುತ್ತಿದ್ದಾರೆಂದು ಹೇಳಲು ಒಬ್ಬರು ಬೇಕಲ್ಲ?

ಎದುರು ಮನೆಯ ಹೆಡ್‌ಮಾಸ್ತರು ಒಪ್ಪಿಕೊಂಡರು. ನಿವೃತ್ತರಾಗಿ ಆರು ವರ್ಷವಾಗಿತ್ತು. ತಿದ್ದಲು ಏನಾದರೂ ಸಿಕ್ಕರೆ ಸಾಕು ಎಂದು ಅವರ ನಾಲಿಗೆ ಕಾದು ಕೂತಿತ್ತು.

“ನಮಸ್ಕಾರ ವೀಕ್ಷಕರೇ, ಇವತ್ತು ನಾವು...” ರಾಯರು ಒಮ್ಮೆ ಹೇಳಿ ನೋಡಿಕೊಂಡರು.

“ನಿಲ್ಲಿಸಿ. ನಾವು ಅಂದ್ರೆ ಯಾರ್ಯಾರು? ನಿಂತಿರೋದು ನೀವೊಬ್ಬರೇ.”

“ನಮಸ್ಕಾರ ವೀಕ್ಷಕರೇ, ಇವತ್ತು ನಾನು...”

“ಬೆನ್ನು ನೆಟ್ಟಗಿರಲಿ. ಎರಡನೇ ಗುಂಡಿ ಬಿಚ್ಚಿದೆ. ಆ ಕೈ ಯಾಕೆ ಹಾಗೆ ನಡುಗ್ತಿದೆ?”

ಏಳು ಸಲ ಹೀಗಾಯಿತು. ಎಂಟನೆಯ ಸಲ ರಾಯರು ಕೈಮುಗಿದುಬಿಟ್ಟರು. “ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ಪ್ರಸಾರ ಶುರುವಾದ ಮೇಲೆ ನೀವು ಸಂಖ್ಯೆ ಮಾತ್ರ ಓದಿ. ಆಕಾಶ ಕಳಚಿ ಬಿದ್ರೂ ಸಂಖ್ಯೆ ಬಿಟ್ಟು ಬೇರೆ ಒಂದಕ್ಷರ ಆಡಬೇಡಿ.”

ಹೆಡ್‌ಮಾಸ್ತರ ಮುಖ ಬಿಗಿಯಿತು. “ಮೂವತ್ತಾರು ವರ್ಷ ಪರೀಕ್ಷೆ ಕೋಣೆಯಲ್ಲಿ ಕಾವಲು ನಿಂತವನು ನಾನು. ಸುಮ್ಮನಿರೋದು ಹೇಗಂತ ನೀವು ನನಗೆ ಹೇಳಿಕೊಡಬೇಡಿ,” ಎಂದು ಫೋನಿನ ಹಿಂದೆ ಕುರ್ಚಿ ಎಳೆದುಕೊಂಡು ಕೂತರು.

ಹನ್ನೊಂದು ಗಂಟೆಗೆ ರಾಯರು ಗುಂಡಿ ಒತ್ತಿದರು. ಓಡಿಹೋಗಿ ಸಿಂಕಿನ ಮುಂದೆ ನಿಂತರು. ಕನ್ನಡಕ ಇಲ್ಲ, ದೀಪ ನೇರವಾಗಿ ಕಣ್ಣಿಗೇ ಹೊಡೆಯುತ್ತಿದೆ. ಎದುರಿಗೆ ಹೆಡ್‌ಮಾಸ್ತರು ಒಂದು ಮಬ್ಬು ಗುಡ್ಡೆ, ಫೋನು ಒಂದು ಕಪ್ಪು ಚುಕ್ಕೆ. ಆ ಚುಕ್ಕೆಗೇ ಹಲ್ಲು ಬಿಟ್ಟು, “ನಮಸ್ಕಾರ ವೀಕ್ಷಕರೇ!” ಎಂದರು.

“ಒಂಬತ್ತು,” ಎಂದರು ಹೆಡ್‌ಮಾಸ್ತರು. ಮರುಕ್ಷಣವೇ ಬೆರಳೆತ್ತಿ ಫೋನಿನ ಕಡೆ ತೋರಿಸಿ, ಬಾಯಿ ತೆರೆದರು.

ಮಬ್ಬು ಗುಡ್ಡೆ ಕೈಯೆತ್ತಿದ್ದಷ್ಟೇ ಕಂಡು, ಶುರುವಾಯಿತು ನೋಡಿ ಇವರದು ಎಂದುಕೊಂಡು ರಾಯರು ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟರು. ಹೆಡ್‌ಮಾಸ್ತರು ಬಾಯಿ ಮುಚ್ಚಿದರು.

ರಾಯರು ಪಾನ ಹಿಡಿದರು. ಪಾನ ಜಾರಿ ನೆಲಕ್ಕೆ ಬಿತ್ತು, ಠಣ್! “ಗಾಬರಿಯಾಗಬೇಡಿ,” ಎಂದರು ರಾಯರು, ತಮಗೇ ಗಾಬರಿಯಾಗಿ. “ನೆಲಕ್ಕೆ ಏನೂ ಆಗಲ್ಲ. ಸೇತುವೆ ಪಕ್ಕ ನಮ್ಮ ಭಾಮೈದನ ಅಂಗಡಿ ಇದೆಯಲ್ಲ, ಅಲ್ಲಿಯ ಟೈಲ್ಸು.”

“ಎಂಬತ್ತೆರಡು.”

ರಾಯರಿಗೆ ಜೀವ ಬಂತು. ಪಾನ ಎತ್ತಿಕೊಳ್ಳಲು ಬಗ್ಗಿದವರು ಏಳುವಾಗ ಅಡುಗೆಕಟ್ಟೆಗೆ ತಲೆ ತಾಗಿಸಿದರು. ಕಟ್ಟೆಯ ಮೇಲಿದ್ದ ಸಾಮಾನಿನ ಪೆಟ್ಟಿಗೆ ಸುತ್ತಿಗೆ, ಇಕ್ಕಳ ಸಮೇತ ಕೆಳಗೆ ಉರುಳಿತು. ಬುರುಡೆ ಸವರಿಕೊಳ್ಳುತ್ತಲೇ, “ಏನೂ ಆಗಲ್ಲ, ಭಾಮೈದನ ಟೈಲ್ಸು,” ಎಂದರು. ಬೇರೇನೂ ಹೇಳಲು ತೋಚಲಿಲ್ಲ.

“ಒಂಬೈನೂರ ಹದಿನಾಲ್ಕು.”

ಒಂಬೈನೂರು! ಪೀಠಿಕೆಯೇ ಮುಗಿದಿಲ್ಲ, ಆಗಲೇ ಒಂಬೈನೂರು! ತಮ್ಮ ಮುಖದಲ್ಲಿ ಅಂಥದ್ದೇನೋ ಇದೆ, ಹನ್ನೊಂದು ವರ್ಷ ಅಕ್ಷರದ ಹಿಂದೆ ಅಡಗಿಸಿಟ್ಟು ತಪ್ಪು ಮಾಡಿದೆ ಎಂದು ರಾಯರಿಗೆ ಅನಿಸಿತು. ಹುಬ್ಬು ಕುಣಿಸಿದರು. ಒಂದು ಕೈ ಸೊಂಟದ ಮೇಲಿಟ್ಟು ಇನ್ನೊಂದನ್ನು ಗಾಳಿಯಲ್ಲಿ ಬೀಸಿದರು. ಬೀಸಿದ ಕೈ ಮೊಳೆಗೆ ನೇತುಹಾಕಿದ್ದ ಕಬ್ಬಿಣದ ಬಾಣಲೆಗೆ ಬಡಿಯಿತು. ಬಾಣಲೆ ಬಿದ್ದ ಸದ್ದಿಗೆ ಪಾರಿವಾಳಗಳು ಕಿಟಕಿ ಬಿಟ್ಟು ಹಾರಿದವು.

“ಮೂರು ಸಾವಿರದ ಇನ್ನೂರ ಐದು.” ಹೆಡ್‌ಮಾಸ್ತರ ದನಿಯಲ್ಲಿ ಏನೋ ಸಂಕಟವಿತ್ತು. ರಾಯರು ಅದನ್ನು ಸಂತೋಷ ಎಂದುಕೊಂಡರು.

“ಈಗ ನಲ್ಲಿಯನ್ನು ಬಿಚ್ಚುತ್ತೇನೆ. ವಾಲ್ವು ಮುಚ್ಚಿರುವುದರಿಂದ ಒಂದು ಹನಿ ನೀರೂ ಬರುವುದಿಲ್ಲ,” ಎಂದು ಹಳೆಯ ನಲ್ಲಿಗೆ ಜೋತುಬಿದ್ದರು. ಅದು ಕೈಗೆ ಕಿತ್ತು ಬಂತು. ಅದರ ಹಿಂದೆಯೇ ನೀರು ರಪ್ಪನೆ ಎದೆಗೆ ಹೊಡೆಯಿತು.

ಹತ್ತು ನಿಮಿಷ ಅಂಗೈಯಿಂದ ಅದನ್ನು ಒತ್ತಿ ಹಿಡಿಯಲು ಹೆಣಗುವಷ್ಟರಲ್ಲಿ ನೆಲವೆಲ್ಲ ಕೆರೆಯಾಯಿತು. ಆಗ ಬಾಗಿಲು ತಳ್ಳಿಕೊಂಡು ಕೆಳಮನೆಯ ಟೈಲರಮ್ಮ ನುಗ್ಗಿದರು. “ಇದೇನ್ರಿ ನಿಮ್ಮ ಅವತಾರ! ಬೆಳಿಗ್ಗೆಯಿಂದ ನೀರಿಲ್ಲ ಅಂತ ನಾನೇ ತಾರಸಿಗೆ ಹೋಗಿ ವಾಲ್ವು ತಿರುಗಿಸಿ ಬಂದೆ. ಬಂದು ನೋಡಿದ್ರೆ ನನ್ನ ಚಾವಣಿಯಿಂದ ಸೋರ್ತಿದೆ! ಶನಿವಾರ ಕೊಡಬೇಕಾದ ರವಿಕೆ ಹನ್ನೆರಡು, ಎಲ್ಲ ಒದ್ದೆ!”

“ನೀವು ತಿರುಗಿಸಿದ್ರಾ? ಅಯ್ಯೋ ಅಮ್ಮಾ, ನಾನು ಪ್ರಸಾರದಲ್ಲಿದ್ದೀನಿ!”

“ಪ್ರಸಾರವೂ ಬೇಡ, ಪ್ರಸಾದವೂ ಬೇಡ, ಮೊದಲು ಏನಾದ್ರೂ ಅಡ್ಡ ಹಿಡೀರಿ!” ಟೈಲರಮ್ಮ ತುಂಬಿದ ಮೈಯವರು. ಪಾದ ಮುಳುಗುವ ನೀರಿನಲ್ಲಿ ಅತ್ತಿಂದಿತ್ತ ಓಡಿ, ಕೈಗೆ ಸಿಕ್ಕಿದ ಕುಕ್ಕರನ್ನು ಪೈಪಿಗೆ ಒಡ್ಡಿದರು. ನೀರಿನ ರಭಸಕ್ಕೆ ಅದು ಹಾರಿ ಬಿತ್ತು. ರಾಯರು ಒದ್ದೆ ಟವೆಲು ಹಿಡಿದು ಹಿಂದೆ ಸರಿದರು. ಹಿಂದೆ ಮೂಲೆಯಲ್ಲಿ ಗ್ಯಾಸ್ ಸಿಲಿಂಡರು ನಿಂತಿತ್ತು. ಖಾಲಿಯಾದದ್ದೇ, ಆದರೂ ಸಿಲಿಂಡರು ಸಿಲಿಂಡರೇ. ಅದು ಓಲಾಡಿತು, ಯೋಚಿಸಿತು, ಧಡಾಲ್ಲೆಂದು ಮಲಗಿತು.



“ಹನ್ನೊಂದು ಸಾವಿರದ ಆರು,” ಎಂದರು ಹೆಡ್‌ಮಾಸ್ತರು.

ರಾಯರು ಟವೆಲನ್ನು ಪೈಪಿಗೆ ತುರುಕಿ, ನೀರಿನಲ್ಲಿ ನಿಂತು ಎರಡು ಹೆಜ್ಜೆ ಕುಣಿದೇ ಬಿಟ್ಟರು. ಟೈಲರಮ್ಮ ಇವರಿಗೆ ತಲೆ ಕೆಟ್ಟಿತೆಂದುಕೊಂಡು ವಾಲ್ವು ಮುಚ್ಚಲು ತಾರಸಿಗೆ ಓಡಿದರು. ಫೋನು ಬಿಸಿಯಾಗಿ ತಾನೇ ಆರಿಹೋಯಿತು.

“ಈಗ ಮಾತಾಡಬಹುದೇ?” ಎಂದು ಕೇಳಿದರು ಹೆಡ್‌ಮಾಸ್ತರು.

“ಸಂಜೆ ಸಾರ್, ಸಂಜೆ! ಎಲ್ಲರೂ ಒಟ್ಟಿಗೆ ಕೂತು ನೋಡೋಣ, ಆಗ ಎಷ್ಟು ಬೇಕಾದ್ರೂ ಮಾತಾಡಿ!”

ಹೆಡ್‌ಮಾಸ್ತರು ಚಪ್ಪಲಿ ಮೆಟ್ಟಿಕೊಂಡು ನಡೆದರು. ರಾಯರು ನಾಲ್ಕು ಗಂಟೆಯವರೆಗೆ ನೆಲ ಒರೆಸಿ, ಹನ್ನೆರಡು ರವಿಕೆಗೆ ಇಸ್ತ್ರಿ ಹಾಕಿಕೊಟ್ಟರು. ಮೈಕೈ ನೋಯುತ್ತಿದ್ದರೂ ಮನಸ್ಸು ಹಗುರವಾಗಿತ್ತು. ಹಳದಿ ಟೋಪಿಯ ಗಂಡಾಂತರ ಕಳೆಯಿತು!

ಸಂಜೆ ಹೆಂಡತಿ, ಹೆಡ್‌ಮಾಸ್ತರು, ಟೈಲರಮ್ಮ ಎಲ್ಲರೂ ಟೀವಿಯ ಮುಂದೆ ಕೂತರು. ರಾಯರು ಕನ್ನಡಕ ಹಾಕಿಕೊಂಡು ಹೆಮ್ಮೆಯಿಂದ ವಿಡಿಯೋ ಹಚ್ಚಿದರು. ಅವರ ಮುಖ ಬಂತು, “ನಮಸ್ಕಾ...” ಎಂದಿತು. ಅಷ್ಟರಲ್ಲಿ ಸ್ಟ್ಯಾಂಡಿನ ಕತ್ತು ಮೆಲ್ಲಗೆ ಬಗ್ಗಿತು. ಆಮೇಲೆ ನಲವತ್ತು ನಿಮಿಷ ಕಂಡದ್ದು ನೆಲ. ಬರೀ ನೆಲ. ಪಾನ ಬಿತ್ತು, ಸುತ್ತಿಗೆ ಬಿತ್ತು, ಬಾಣಲೆ ಬಿತ್ತು. ಮೇಲಿನಿಂದ ರಾಯರ ದನಿ, “ಏನೂ ಆಗಲ್ಲ, ಭಾಮೈದನ ಟೈಲ್ಸು.” ಟೈಲರಮ್ಮನ ಪಾದಗಳು ನೀರಿನಲ್ಲಿ ಓಡಿದವು, ಜಾರಲಿಲ್ಲ. ಸಿಲಿಂಡರು ಬಿತ್ತು. ನೆಲದಲ್ಲಿ ಒಂದು ಗೀರೂ ಇಲ್ಲ.

ಕೆಳಗೆ ಜನ ಬರೆದಿದ್ದರು: ‘ಮುಂದಿನದು ಫ್ರಿಜ್ಜೇ ಬೀಳುತ್ತೆ, ಬೇಕಾದ್ರೆ ಪಂಥ.’ ‘ಈ ಅಂಗಡಿ ಯಾವ ಸೇತುವೆ ಪಕ್ಕ?’ ‘ಮಾತಾಡುವವರು ಸ್ವಲ್ಪ ಸುಮ್ಮನಿದ್ದರೆ ಬೀಳುವ ಸದ್ದು ಇನ್ನೂ ಚೆನ್ನಾಗಿ ಕೇಳುತ್ತಿತ್ತು.’

ರಾಯರಿಗೆ ಅಳು ಬರುವುದೊಂದು ಬಾಕಿ. “ಸಾರ್! ಎದುರಿಗೇ ಕೂತಿದ್ರಲ್ಲ, ಒಂದು ಮಾತು ಹೇಳಬಾರದಿತ್ತಾ?”

“ಆಕಾಶ ಕಳಚಿ ಬಿದ್ರೂ ಬೇಡ ಅಂದಿದ್ರಿ,” ಎಂದರು ಹೆಡ್‌ಮಾಸ್ತರು ತಣ್ಣಗೆ. “ಬಿದ್ದದ್ದು ಬರೀ ಸಿಲಿಂಡರ್.”

ಹೆಂಡತಿ ನಗು ತಡೆದುಕೊಂಡು ಸಮಾಧಾನ ಮಾಡಿದಳು. “ಹೋಗ್ಲಿ ಬಿಡ್ರಿ. ಮುಖ ನೋಡಿದ್ರೋ ನೆಲ ನೋಡಿದ್ರೋ, ಹತ್ತು ಸಾವಿರ ದಾಟಿತಲ್ಲ. ಮಾತು ಅಂದ್ರೆ ಮಾತು. ನೀವು ಷಟರ್ ಎತ್ತೋದು ಬೇಡ.”

ರಾಯರು ನಿಟ್ಟುಸಿರು ಬಿಟ್ಟರು. ಮಾನ ಹೋದರೂ ತಲೆ ಉಳಿಯಿತು ಎಂದುಕೊಳ್ಳುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಭಾಮೈದ, ಕೈಯಲ್ಲೊಂದು ಚೀಲ, ಮುಖದ ತುಂಬ ನಗು.

“ಭಾವಾ! ಮಧ್ಯಾಹ್ನದಿಂದ ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ. ಬಂದವರೆಲ್ಲ ‘ಸಿಲಿಂಡರ್ ಟೈಲ್ಸ್ ಕೊಡಿ’ ಅಂತಾರೆ! ನಿಮ್ಮಂಥವರನ್ನ ಕೌಂಟರಿಗೆ ನಿಲ್ಲಿಸೋಕೆ ಹೊರಟಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳೋದು! ಷಟರ್ ಎತ್ತೋಕೆ ಬೇರೆಯವರಿದ್ದಾರೆ. ನೀವು ವಿಡಿಯೋ ಮಾಡಿ.”

“ವಿಡಿಯೋನಾ?” ರಾಯರ ಮುಖ ಅರಳಿತು.

“ದಿನಕ್ಕೊಂದು. ಅಂಗಡಿಯಲ್ಲೇ. ಬೆಳಿಗ್ಗೆ ಒಂಬತ್ತಕ್ಕೆ ಬಂದುಬಿಡಿ. ನೀವು ನಿಮ್ಮ ಪಾಡಿಗೆ ಮಾತಾಡ್ತಾ ಒಂದೊಂದೇ ಬೀಳಿಸ್ತಾ ಹೋಗಿ. ನಿಮಗೆ ಅದು ಹುಟ್ಟು ಕಲೆ ಭಾವ.”

ರಾಯರು ಹೆಂಡತಿಯ ಕಡೆ ನೋಡಿದರು. ಅವಳು ಕ್ಯಾಲೆಂಡರಿನ ಕಡೆ ನೋಡುತ್ತಿದ್ದಳು. “ವಿಡಿಯೋನೇ ಬೇಕು ಅಂತ ತಾನೇ ನೀವು ಕೆಲಸ ಬಿಟ್ಟದ್ದು?” ಎಂದಳು ಮೃದುವಾಗಿ.

“ಮತ್ತೆ... ನನ್ನ ಮುಖ?” ಎಂದರು ರಾಯರು ಸಣ್ಣ ದನಿಯಲ್ಲಿ.

“ಮುಖ ಬೇಡ ಭಾವ. ನೆಲ ಸಾಕು.” ಭಾಮೈದ ಚೀಲಕ್ಕೆ ಕೈ ಹಾಕಿ ಹೊಚ್ಚ ಹೊಸ ಹಳದಿ ಟೋಪಿ ತೆಗೆದು ರಾಯರ ತಲೆಗೆ ಏರಿಸಿದ.

“ಮುಖವೇ ಕಾಣಲ್ಲ ಅಂದ ಮೇಲೆ ಟೋಪಿ ಯಾಕೋ?”

“ಅಂಗಡಿ ಶಿಸ್ತು ಭಾವ.”

ಹೆಡ್‌ಮಾಸ್ತರು ಎದ್ದು ಬಂದು, ತಲೆ ವಾಲಿಸಿ ಒಮ್ಮೆ ನೋಡಿದರು. “ಸ್ವಲ್ಪ ಎಡಕ್ಕಿರಲಿ,” ಎಂದರು.