ಪಿನ್ನಣ್ಣನ ಕಾಲಿಗೆ ಮೂವರು ವಕೀಲರು

ಎಲ್ಲದಕ್ಕೂ ಮೂಲ ಒಂದು ಟ್ರಾಲಿಯ ಗಾಲಿ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಆ ಗಾಲಿ ಒಂದು ತಿಂಗಳಿಂದ ಕುಂಟುತ್ತಿತ್ತು. ಪಿನ್ನಣ್ಣ ಮೂರು ಸಲ ಸೂಪರ್‌ವೈಸರ್ ಹತ್ತಿರ ಹೋಗಿ ಹೇಳಿದ್ದ. ಮೂರು ಸಲವೂ ಅವರು "ನೋಡೋಣ" ಅಂದಿದ್ದರು. ನಾಲ್ಕನೆಯ ಸಲ ಯಾರೂ ಹೇಳಬೇಕಾಗಲಿಲ್ಲ. ಗಾಲಿ ಕಳಚಿಕೊಂಡು ತನ್ನ ಪಾಡಿಗೆ ಉರುಳಿ ಹೋಯಿತು, ಟ್ರಾಲಿ ವಾಲಿತು, ಮೇಲಿದ್ದ ರಟ್ಟಿನ ಕಟ್ಟು ಇಳಿದು ಬಂದು ಪಿನ್ನಣ್ಣನ ಎಡಗಾಲಿನ ಮೇಲೆ ಆರಾಮವಾಗಿ ಕೂತಿತು.

ಪಿನ್ನಣ್ಣ ಅನ್ನುವುದು ಅವನ ಹೆಸರಲ್ಲ. ಹದಿನೆಂಟು ವರ್ಷದಿಂದ ಪೆಟ್ಟಿಗೆಗಳ ಮೂಲೆಗೆ ತಂತಿಯ ಪಿನ್ ಹೊಡೆದು ಹೊಡೆದು ಆ ಹೆಸರು ಅವನಿಗೂ ಭದ್ರವಾಗಿ ಕೂತುಬಿಟ್ಟಿತ್ತು. ಒಂದು ಪಿನ್ ಸೊಟ್ಟಗಾದರೆ ಇಡೀ ಪೆಟ್ಟಿಗೆ ಬಿಚ್ಚಿ ಮತ್ತೆ ಹೊಡೆಯುವ ಆಸಾಮಿ. ಅಂಥವನನ್ನು ಎತ್ತಿ ಆಸ್ಪತ್ರೆಗೆ ಒಯ್ಯುವಾಗ, ಸೂಪರ್‌ವೈಸರ್ ಗಾಬರಿಯಲ್ಲಿ ಅಪಘಾತದ ಪುಸ್ತಕದಲ್ಲಿ ಬರೆಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು: "ಕೆಲಸಗಾರನ ಅಜಾಗರೂಕತೆಯಿಂದ."

ಮುರಿದ ಮೂಳೆ ನೋಯಿಸಿದ್ದಕ್ಕಿಂತ ಆ ಒಂದು ಪದ ಅವನನ್ನು ಹೆಚ್ಚು ನೋಯಿಸಿತು. ಆಸ್ಪತ್ರೆಯ ಖರ್ಚನ್ನು ಕಾರ್ಖಾನೆಯೇ ನೋಡಿಕೊಂಡಿತ್ತು, ಮನೆಯಲ್ಲಿ ಹೆಂಡತಿಯ ಉಪಚಾರ ಚೆನ್ನಾಗಿಯೇ ನಡೆದಿತ್ತು. ಮಂಚದ ಮೇಲೆ ಕಾಲು ಚಾಚಿ, ಬಿಸಿಬಿಸಿ ಊಟ ಮಾಡಿಕೊಂಡು ಅವನು ಸುಖವಾಗಿಯೇ ಇದ್ದ. ಆದರೂ ದಿನಕ್ಕೆ ಹತ್ತು ಸಲ ಅದನ್ನೇ ಹೇಳುತ್ತಿದ್ದ: "ನನಗೆ ಬೇರೇನೂ ಬೇಡ ಕಣೇ. ನನ್ನ ತಪ್ಪಲ್ಲ ಅಂತ ಒಂದು ಕಾಗದದ ಮೇಲೆ ಬಂದ್ರೆ ಸಾಕು."

ಕಾರ್ಮಿಕ ಕಚೇರಿಯಿಂದ ನೋಟೀಸು ಬಂತು. ಕಳೆದುಹೋಗಬಾರದೆಂದು ಅವನು ಅದನ್ನು ಹಾಸಿಗೆಯ ಕೆಳಗೆ ಇಟ್ಟ. ಅದು ಕಳೆದುಹೋಗಲಿಲ್ಲ, ದಿನಗಳು ಕಳೆದುಹೋದವು. ಒಂದು ಬೆಳಗ್ಗೆ ಹೆಂಡತಿ ಹಾಸಿಗೆ ಕೊಡವುವಾಗ ಅದು ಹೊರಗೆ ಬಂತು. ಕಾರ್ಖಾನೆಯವರು ತಮ್ಮ ಹೇಳಿಕೆ ಸಲ್ಲಿಸಿದ್ದಾರೆ, ಅದನ್ನು ಕಚೇರಿಯಲ್ಲಿ ನೋಡಬಹುದು, ತಕರಾರಿದ್ದರೆ ವಕೀಲರ ಮೂಲಕ ಇಂಥ ದಿನ ಸಂಜೆ ನಾಲ್ಕರೊಳಗೆ ಕೊಡತಕ್ಕದ್ದು, ನಾಲ್ಕಕ್ಕೆ ವಿಚಾರಣೆ ಎಂದಿತ್ತು.

"ರೀ, ಇಂಥ ದಿನ ಅಂದ್ರೆ ಇವತ್ತೇ ಕಣ್ರೀ!" ಅಂದಳು ಹೆಂಡತಿ.

ಪಿನ್ನಣ್ಣ ಊರುಗೋಲಿಗೆ ತಡಕಾಡಿದ, ಅವಳು ತಮ್ಮನಿಗೆ ಫೋನು ಮಾಡಿದಳು.

ಹೆಂಡತಿಯ ತಮ್ಮ ಅರ್ಧ ಗಂಟೆಯಲ್ಲಿ ಬಾಗಿಲಲ್ಲಿದ್ದ. ನೀರಿನ ಕ್ಯಾನುಗಳನ್ನು ಮನೆಮನೆಗೆ ತಲುಪಿಸುವ ವ್ಯಾನು ಅವನದು. ಊರಿನ ಪ್ರತಿ ಮನೆಯ ಒಳಗೂ ಹೊಕ್ಕು ಬಂದವನಾದ್ದರಿಂದ ತನಗೆ ಗೊತ್ತಿಲ್ಲದ ವಿಷಯವೇ ಇಲ್ಲವೆಂದು ಅವನ ನಂಬಿಕೆ. ಅವನ ಹಿಂದೆಯೇ ಮೇಲಿನ ಮನೆಯ ಟೈಪಿಸ್ಟ್ ಮಾವ ಇಳಿದು ಬಂದರು. ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪ್ ಮಾಡಿ ನಿವೃತ್ತರಾದವರು. ಬೇರೆಯವರ ವ್ಯವಹಾರದಲ್ಲಿ ಮೂಗು ತೂರಿಸುವುದರಲ್ಲಿ ಇಬ್ಬರದೂ ಎತ್ತಿದ ಕೈ.

"ಭಾವ, ನೀವು ಯೋಚ್ನೆ ಮಾಡ್ಬೇಡಿ. ವಕೀಲರು ನನಗೆ ಬಿಡಿ," ಅಂದ ಭಾವಮೈದ.

"ನಿನಗ್ಯಾಕಪ್ಪ ಬಿಡ್ಬೇಕು? ನಾನು ನೋಡಿರೋ ವಕೀಲರ ಸಂಖ್ಯೆ ನಿನ್ನ ತಲೆಗೂದಲಿಗಿಂತ ಜಾಸ್ತಿ," ಅಂದರು ಟೈಪಿಸ್ಟ್ ಮಾವ. ಭಾವಮೈದನ ತಲೆ ಮುಂದಿನಿಂದ ಅರ್ಧ ಖಾಲಿಯಾಗಿತ್ತು, ಅದು ಬೇರೆ ಮಾತು.

"ಮೊದ್ಲು ಹೋಗಿ ಕಾರ್ಖಾನೆಯೋರು ಏನು ಬರ್ದಿದಾರೆ ಅಂತ ಓದ್ಕೊಂಡು ಬರಬಾರ್ದಾ?" ಅಂದಳು ಹೆಂಡತಿ.

ಇಬ್ಬರೂ ಒಟ್ಟಿಗೇ ನಕ್ಕರು. ಅವರಿಬ್ಬರ ನಡುವೆ ಒಮ್ಮತ ಮೂಡಿದ ಮೊದಲ ವಿಷಯ ಅದು. "ಏನಕ್ಕ, ಅದನ್ನ ಓದ್ಬೇಕಾ? ಭಾವಂದೇ ತಪ್ಪು ಅಂತ ಬರ್ದಿರ್ತಾರೆ. ಪುಸ್ತಕದಲ್ಲಿ ಆಗ್ಲೇ ಬರ್ದಾಗಿದೆಯಲ್ಲ!"

ಪಿನ್ನಣ್ಣನನ್ನು ವ್ಯಾನಿನ ಹಿಂದೆ ಕೂರಿಸಿ, ಪ್ಲಾಸ್ಟರ್ ಹಾಕಿದ ಕಾಲನ್ನು ಎರಡು ಕ್ಯಾನುಗಳ ನಡುವೆ ಸಿಗಿಸಿದರು. ರಸ್ತೆಯ ಪ್ರತಿ ಹಳ್ಳಕ್ಕೂ ನೀರು ಕುಲುಕಿತು, ಪಿನ್ನಣ್ಣನೂ ಕುಲುಕಿದ. ಮೂರು ವಾರದ ಮೇಲೆ ಬೀದಿ ಕಂಡ ಖುಷಿಗೆ ಅವನಿಗೆ ಅದೂ ಹಿತವಾಗಿಯೇ ಇತ್ತು.

ಮೊದಲನೆಯವರು ಭಾವಮೈದನ ಗಿರಾಕಿ ವಕೀಲರು. ವಾರಕ್ಕೆ ಆರು ಕ್ಯಾನು. ಕಚೇರಿ ನಾಲ್ಕನೇ ಮಹಡಿ. ಲಿಫ್ಟಿನ ಬಾಗಿಲಿಗೆ "ಕೆಟ್ಟಿದೆ" ಎಂಬ ಬೋರ್ಡು ತೂಗುತ್ತಿತ್ತು, ಅದಕ್ಕೂ ವಯಸ್ಸಾಗಿ ಧೂಳು ಹಿಡಿದಿತ್ತು. ಭಾವಮೈದ ತೋಳು ಹಿಡಿದ, ಮಾವ ಊರುಗೋಲು ಹಿಡಿದರು, ಪಿನ್ನಣ್ಣ ಒಂಟಿಕಾಲಲ್ಲಿ ಎಪ್ಪತ್ತೆರಡು ಮೆಟ್ಟಿಲು ಕುಪ್ಪಳಿಸಿದ.

ವಕೀಲರು ಅವನ ಕಾಲನ್ನು ನೋಡಿ ಮುಖ ಸಣ್ಣದು ಮಾಡಿದರು. "ಕಾಲೊಂದೇನಾ?"

"ಒಂದೇ ಸಾರ್."

"ಸೊಂಟ?"

"ಚೆನ್ನಾಗಿದೆ ಸಾರ್."

"ಕುತ್ತಿಗೆ? ತಲೆಸುತ್ತು? ನಿದ್ದೆ ಬರ್ತಾ ಇಲ್ಲ ತಾನೆ?"

"ತಲೆ ಇಟ್ರೆ ಬೆಳಗ್ಗೇನೇ ಏಳೋದು ಸಾರ್."

ವಕೀಲರು ಪೆನ್ನು ಕೆಳಗಿಟ್ಟರು. "ಇಷ್ಟೊಂದು ಆರೋಗ್ಯ ಇಟ್ಕೊಂಡು ನನ್ನ ಹತ್ರ ಯಾಕ್ರೀ ಬಂದ್ರಿ?" ಆದರೂ ಕೈಬಿಡಲಿಲ್ಲ. ಅಧಿಕಾರಿಯ ಮುಂದೆ ಹೇಗೆ ನರಳಬೇಕೆಂದು ಹೇಳಿಕೊಡಲು ಶುರು ಮಾಡಿದರು. "ಅಯ್ಯೋ ಅನ್ನಿ. ಹೊಟ್ಟೆಯಿಂದ ಬರ್ಬೇಕು. ಇನ್ನೂ ಜೋರಾಗಿ!"

ಯಾರು ಏನು ಹೇಳಿಕೊಟ್ಟರೂ ಶ್ರದ್ಧೆಯಿಂದ ಕಲಿಯುವ ಸ್ವಭಾವ ಪಿನ್ನಣ್ಣನದು. ಮೂರನೆಯ ಸಲಕ್ಕೆ ಅವನ ನರಳಾಟ ಎಷ್ಟು ಚೆನ್ನಾಗಿ ಬಂತೆಂದರೆ, ಪಕ್ಕದ ಕೋಣೆಯ ಹಲ್ಲಿನ ಡಾಕ್ಟರ ಬಳಿ ಸರದಿಯಲ್ಲಿ ಕೂತಿದ್ದ ನಾಲ್ವರು ಗಲ್ಲ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದರು. ಹಲ್ಲಿನ ಡಾಕ್ಟರು ಇಕ್ಕಳ ಹಿಡಿದೇ ಒಳಗೆ ಬಂದರು. ವಕೀಲರೂ ಡಾಕ್ಟರೂ ಹಳೆಯ ಲೆಕ್ಕವನ್ನೆಲ್ಲ ತೆಗೆದು ಜಗಳಕ್ಕೆ ನಿಂತಾಗ, ಇವರು ಮೂವರೂ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು.

"ನನಗೆ ಸುಳ್ಳು ನರಳಾಟ ಬೇಡಪ್ಪ. ಗಾಲಿ ಕೆಟ್ಟಿತ್ತು ಅಂತ ಹೇಳೋರು ಸಾಕು," ಅಂದ ಪಿನ್ನಣ್ಣ, ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಜಾರಿ ಇಳಿಯುತ್ತ.

ಎರಡನೆಯವರು ಟೈಪಿಸ್ಟ್ ಮಾವನಿಗೆ ಪರಿಚಯದ ವಕೀಲೆ. ನೆಲಮಹಡಿಯಲ್ಲೇ ಕಚೇರಿ. ಆಕೆ ಮೊದಲು ಒಂದು ಕುರ್ಚಿ ಎಳೆದು ಪಿನ್ನಣ್ಣನ ಕಾಲಿಗೆ ಕೊಟ್ಟರು, ಆಮೇಲೆ ಇನ್ನೊಂದು ಎಳೆದು ಪಿನ್ನಣ್ಣನಿಗೆ ಕೊಟ್ಟರು. ಅವನ ಮಾತನ್ನೆಲ್ಲ ಕೇಳಿ, ನಡುವೆ ಬಾಯಿ ಹಾಕಿದ ಭಾವಮೈದನನ್ನು ಎರಡು ಸಲ ಸುಮ್ಮನಾಗಿಸಿದರು.

"ಸರಿ. ಕಾರ್ಖಾನೆಯೋರ ಹೇಳಿಕೆ ಎಲ್ಲಿ?"

"ಅದು ಕಚೇರೀಲಿ ಇದೆ ಮೇಡಂ."

"ಅದರ ಒಂದು ಪ್ರತಿ ತಗೊಂಡು ಬನ್ನಿ. ಓದದೆ ನಾನೇನೂ ಬರೆಯಲ್ಲ."

ಪಿನ್ನಣ್ಣನಿಗೆ ಆಕೆ ತುಂಬ ಹಿಡಿಸಿದರು. ಆದರೆ ಹೊರಗೆ ಬಂದದ್ದೇ ತಡ, ಭಾವಮೈದ ಸಿಡಿದ. "ಕಚೇರೀಲಿ ಈಗ ಊಟದ ಹೊತ್ತು. ಎರಡೂವರೆಗೆ ಬಾಗಿಲು ತೆಗೀತಾರೆ. ಪ್ರತಿ ತಂದು, ಅವರು ಓದಿ, ಬರ್ದು... ನಾಲ್ಕು ಗಂಟೆ ನಮಗೋಸ್ಕರ ಕಾಯುತ್ತಾ ಭಾವ?"

"ಓದಿ ಬರೀತಾರಂತೆ!" ಟೈಪಿಸ್ಟ್ ಮಾವನಿಗೂ ನಿರಾಸೆಯಾಗಿತ್ತು. "ಮೂವತ್ತು ವರ್ಷ ಟೈಪ್ ಮಾಡಿದೀನಿ, ಒಂದಕ್ಷರ ಓದಿಲ್ಲ. ಕೋರ್ಟು ನಡೀಲಿಲ್ವಾ?"

ಪಿನ್ನಣ್ಣ ಬಾಯಿ ತೆರೆದ. ಇಬ್ಬರ ಮುಖ ನೋಡಿ ಮುಚ್ಚಿಕೊಂಡ. ಎದುರು ಮಾತಾಡುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇರಲಿಲ್ಲ.

ವ್ಯಾನು ಕಾರ್ಮಿಕ ಕಚೇರಿಯತ್ತ ಹೊರಟಾಗ ಪಿನ್ನಣ್ಣನ ಫೋನು ಬಡಿದುಕೊಂಡಿತು. ಸೂಪರ್‌ವೈಸರ್. ಪಿನ್ನಣ್ಣ "ಹಲೋ ಸಾರ್" ಅನ್ನುವಷ್ಟರಲ್ಲಿ ಮಾವ ಫೋನು ಕಿತ್ತುಕೊಂಡು, "ಏನಿದ್ರೂ ನಮ್ಮ ವಕೀಲರ ಹತ್ರ ಮಾತಾಡಿ" ಎಂದು ಗದರಿ ಆಫ್ ಮಾಡಿ ಜೇಬಿಗೆ ಹಾಕಿಕೊಂಡರು. "ಎದುರು ಪಕ್ಷದೋರ ಜೊತೆ ಮಾತೇ ಆಡ್ಬಾರ್ದು. ಬಾಯಿ ಬಿಡಿಸ್ತಾರೆ."

"ನಮಗಿನ್ನೂ ವಕೀಲರೇ ಇಲ್ವಲ್ಲ ಮಾವ?"

"ಅದು ಅವರಿಗೇನು ಗೊತ್ತು?"

ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯ ಚಪ್ಪರದ ಕೆಳಗೆ ಮೂರನೆಯವರು ಸಿಕ್ಕರು. ಒಂದು ಮೇಜು, ಒಂದು ಕಪ್ಪು ಕೋಟು, ಮೂರು ಕಟ್ಟು ಕಾಗದ. ಜನ ಅವರನ್ನು ತಕರಾರು ವಕೀಲರು ಅನ್ನುತ್ತಿದ್ದರು. ಆಗ ಮೂರೂವರೆ.

"ಕೈಯೋ ಕಾಲೋ?" ತಲೆಯೆತ್ತದೆ ಕೇಳಿದರು.

"ಕಾಲು ಸಾರ್."

ವಕೀಲರು ಕಾಲಿನ ಕಟ್ಟಿನಿಂದ ಒಂದು ಕಾಗದ ಎಳೆದರು. ಎಲ್ಲ ಮೊದಲೇ ಅಚ್ಚಾಗಿತ್ತು. ಹೆಸರಿನ ಜಾಗ ಮಾತ್ರ ಖಾಲಿ.

"ಎದುರು ಪಕ್ಷದೋರ ಹೇಳಿಕೆ ಒಂದ್ಸಲ ಓದ್ಬೇಡ್ವಾ ಸಾರ್?" ಪಿನ್ನಣ್ಣ ಧೈರ್ಯ ಮಾಡಿ ಕೇಳಿಯೇಬಿಟ್ಟ.

"ಇಪ್ಪತ್ತೈದು ವರ್ಷದಲ್ಲಿ ನಾನು ಒಂದನ್ನೂ ಓದಿಲ್ಲ. ಮಾಲೀಕರೆಲ್ಲ ಬರೆಯೋದು ಒಂದೇ, ತಪ್ಪು ಕೆಲಸಗಾರಂದು ಅಂತ. ನಾನು ಬರೆಯೋದೂ ಒಂದೇ, ಅದೆಲ್ಲ ಸುಳ್ಳು ಅಂತ. ಇಲ್ಲಿ ಸೈನ್ ಹಾಕಿ."

ಟೈಪಿಸ್ಟ್ ಮಾವನಿಗೆ ಒಡಹುಟ್ಟಿದವರು ಸಿಕ್ಕಷ್ಟು ಸಂತೋಷವಾಯಿತು. "ಇವರೇ ಸರಿ!" ಅಂದರು. "ಇವರೇ!" ಅಂದ ಭಾವಮೈದ. ಪಿನ್ನಣ್ಣ ತನ್ನ ವಕೀಲರನ್ನು ಆರಿಸಿಕೊಂಡದ್ದು ಹೀಗೆ. ಮೂರು ಗಂಟೆ ಐವತ್ತೆರಡು ನಿಮಿಷಕ್ಕೆ ಕಾಗದದ ಮೇಲೆ ಕಚೇರಿಯ ಸೀಲು ಬಿತ್ತು.

ನಾಲ್ಕಕ್ಕೆ ಒಳಗೆ ಕರೆದರು. ಊಟದ ಡಬ್ಬಿ ಹಿಡಿದುಕೊಂಡು ಹೆಂಡತಿಯೂ ಅಷ್ಟರಲ್ಲಿ ಹುಡುಕಿಕೊಂಡು ಬಂದಿದ್ದಳು. ಒಳಗೆ ಕಾರ್ಖಾನೆಯ ವಕೀಲರ ಪಕ್ಕ ಸೂಪರ್‌ವೈಸರ್ ಕೂತಿದ್ದರು. ಪಿನ್ನಣ್ಣನನ್ನು ಕಂಡು ಅರ್ಧ ಎದ್ದು ನಿಂತರು. ಪಿನ್ನಣ್ಣ ಬೇಕೆಂದೇ ಗೋಡೆ ನೋಡಿದ.

ಅಧಿಕಾರಿ ಕನ್ನಡಕ ಏರಿಸಿ ಕಾರ್ಖಾನೆಯ ಹೇಳಿಕೆಯನ್ನು ಓದತೊಡಗಿದರು. "ಟ್ರಾಲಿಯ ಗಾಲಿ ಒಂದು ತಿಂಗಳಿಂದ ಕೆಟ್ಟಿತ್ತು. ಈ ವಿಷಯವನ್ನು ಕೆಲಸಗಾರರು ಮೂರು ಸಲ ತಿಳಿಸಿದ್ದರು. ರಿಪೇರಿ ಮಾಡಿಸದೆ ಇದ್ದದ್ದು ನಮ್ಮ ತಪ್ಪು. ಪುಸ್ತಕದಲ್ಲಿ ಅವರ ಅಜಾಗರೂಕತೆ ಎಂದು ಬರೆದದ್ದು ಗಾಬರಿಯಲ್ಲಿ ಆದ ಪ್ರಮಾದ. ಅವರದು ಯಾವ ತಪ್ಪೂ ಇಲ್ಲ. ಅವರು ನಮ್ಮಲ್ಲಿ ಅತ್ಯಂತ ಜಾಗರೂಕ ಕೆಲಸಗಾರರು."

ಪಿನ್ನಣ್ಣನ ಕಣ್ಣು ತುಂಬಿ ಬಂತು. ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ, ಕಾಲಿನ ಮೇಲೆ ಕೂತಿದ್ದ ರಟ್ಟಿನ ಕಟ್ಟಿಗಿಂತ ದೊಡ್ಡದು, ಒಂದೇ ಸಲಕ್ಕೆ ಇಳಿದು ಹೋಯಿತು.

"ಇದನ್ನ ಹೇಳೋಕೇ ಮಧ್ಯಾಹ್ನ ಫೋನ್ ಮಾಡಿದ್ದೆ ಮಾರಾಯ," ಅಂದರು ಸೂಪರ್‌ವೈಸರ್. "ಯಾರೋ ಬೈದು ಇಟ್ಬಿಟ್ರು."

ಟೈಪಿಸ್ಟ್ ಮಾವ ತಲೆಯೆತ್ತಿ ಮೇಲಿನ ಫ್ಯಾನು ಎಷ್ಟು ಸುತ್ತು ತಿರುಗುತ್ತದೆಂದು ಎಣಿಸತೊಡಗಿದರು.

"ಇಷ್ಟಾದ್ಮೇಲೆ ನಾನು ಈಗಲೇ ಆದೇಶಕ್ಕೆ ಸೈನ್ ಹಾಕಿಬಿಡ್ತಿದ್ದೆ," ಅಂದರು ಅಧಿಕಾರಿ. "ಆದ್ರೆ ಹತ್ತು ನಿಮಿಷದ ಹಿಂದೆ ನಿಮ್ಮ ಕಡೆಯಿಂದ ಒಂದು ತಕರಾರು ಬಂದಿದೆ." ಇನ್ನೊಂದು ಕಾಗದ ಎತ್ತಿಕೊಂಡರು. "ಎದುರು ಪಕ್ಷದವರ ಹೇಳಿಕೆಯ ಪ್ರತಿಯೊಂದು ಅಂಶವೂ ಶುದ್ಧ ಸುಳ್ಳು, ಕಪೋಲಕಲ್ಪಿತ ಹಾಗೂ ದುರುದ್ದೇಶದಿಂದ ಕೂಡಿದ್ದು. ಕೆಳಗೆ ನಿಮ್ಮದೇ ಸೈನ್ ಅಲ್ವಾ?"

"ಹೌದು ಸಾರ್," ಅಂದ ಪಿನ್ನಣ್ಣ.

"ಹಾಗಾದ್ರೆ ಗಾಲಿ ಕೆಟ್ಟಿರ್ಲಿಲ್ಲ?"

"ಕೆಟ್ಟಿತ್ತು ಸಾರ್!"

"ಕೆಟ್ಟಿತ್ತು ಅನ್ನೋದು ಶುದ್ಧ ಸುಳ್ಳು ಅಂತ ಇದೆ. ನೀವು ಜಾಗರೂಕ ಕೆಲಸಗಾರರು ಅನ್ನೋದು ಕಪೋಲಕಲ್ಪಿತ. ನಿಮ್ಮ ತಪ್ಪಿಲ್ಲ ಅಂತ ಅವರು ಹೇಳಿರೋದರ ಹಿಂದೆ ದುರುದ್ದೇಶ ಇದೆ."

"ಅವನ ತಪ್ಪಿಲ್ಲ ಸ್ವಾಮಿ!" ಸೂಪರ್‌ವೈಸರ್ ಎದ್ದು ನಿಂತೇಬಿಟ್ಟರು.

"ತಕರಾರಿದೆ!" ಅಭ್ಯಾಸದಂತೆ ಕೂಗಿದರು ತಕರಾರು ವಕೀಲರು.

ಭಾವಮೈದ ಇಂಗು ತಿಂದ ಮಂಗನ ಹಾಗೆ ಕೂತಿದ್ದ. "ಸಾರ್, ಆ ಕಾಗದ ನಾನು ವಾಪಸ್ ತಗೋತೀನಿ," ಅಂದ ಪಿನ್ನಣ್ಣ. ಜೀವಮಾನದಲ್ಲಿ ಅವನು ಯಾರನ್ನೂ ಕೇಳದೆ ಆಡಿದ ಮೊದಲ ಮಾತು ಅದಿರಬೇಕು.

"ವಕೀಲರ ಮೂಲಕ ಬಂದದ್ದು ವಕೀಲರ ಮೂಲಕವೇ ವಾಪಸ್ ಹೋಗ್ಬೇಕು. ಬೇರೆ ವಕೀಲರನ್ನ ಇಟ್ಕೊಳ್ಳೋಕೂ ಇವರ ಒಪ್ಪಿಗೆ ಬೇಕು."

"ಇಂಥ ಕೇಸು ಕೈಬಿಡೋದಾ?" ಅಂದರು ತಕರಾರು ವಕೀಲರು. ಕಾರ್ಖಾನೆಯ ಹೇಳಿಕೆಯನ್ನು ಅವರು ಆಗ ಮೊದಲ ಸಲ ಕೈಗೆ ತೆಗೆದುಕೊಂಡು ಓದುತ್ತಿದ್ದರು. ಓದಿದಷ್ಟೂ ಮುಖ ಅರಳುತ್ತಿತ್ತು. "ಇದರಲ್ಲಿ ಎಷ್ಟೊಂದು ವಾದ ಇದೆ!"

ವಿಚಾರಣೆಯನ್ನು ನಾಲ್ಕು ತಿಂಗಳು ಮುಂದಕ್ಕೆ ಹಾಕಿ ಅಧಿಕಾರಿ ಎದ್ದರು.

ಹೊರಗಿನ ಬೆಂಚಿನ ಮೇಲೆ ಪಿನ್ನಣ್ಣ ಡಬ್ಬಿ ಬಿಚ್ಚಿ ಊಟಕ್ಕೆ ಕೂತ. ಹಸಿವೂ ಆಗಿತ್ತು, ಮನಸ್ಸಿನಲ್ಲಿ ಒಂದು ಬಗೆಯ ತೃಪ್ತಿಯೂ ಇತ್ತು. ಎಷ್ಟಾದರೂ ಆ ಮಾತು ಒಂದು ಸಲ ನಾಲ್ಕು ಜನರ ಎದುರು ಓದಿಸಿಕೊಂಡಿತ್ತಲ್ಲ. ಸೂಪರ್‌ವೈಸರ್ ಪಕ್ಕದಲ್ಲಿ ಕೂತು, ಕೇಳದೆಯೇ ಡಬ್ಬಿಗೆ ಕೈ ಹಾಕಿ ಒಂದು ತುತ್ತು ತಿಂದರು. ಪಿನ್ನಣ್ಣ ಡಬ್ಬಿಯನ್ನು ಅವರ ಕಡೆಗೆ ಸರಿಸಿದ.

ಕಾರ್ಖಾನೆಯ ವಕೀಲರು ಬಂದು ಅವನ ಭುಜ ತಟ್ಟಿದರು. "ಹೆದರ್ಬೇಡಿ. ನಿಮ್ಮ ತಪ್ಪಿಲ್ಲ ಅಂತ ನಾನು ಸಾಧಿಸ್ತೀನಿ."

"ಹಾಗಾದ್ರೆ ನಾವು ಯಾರು ಗೆಲ್ಲಲಿ ಅಂತ ಆಸೆ ಪಡ್ಬೇಕು?" ಹೆಂಡತಿ ಗಂಡನ ಕಿವಿಯಲ್ಲಿ ಕೇಳಿದಳು.

"ಇವರೇ ಗೆಲ್ಲಲಿ ಕಣೇ. ನಮ್ಮ ವಕೀಲರು ಸೋತ್ರೆ ಸಾಕು."

ಅಷ್ಟರಲ್ಲಿ ಕಪ್ಪು ಕೋಟು ಹಾರಿಸುತ್ತ ತಕರಾರು ವಕೀಲರು ಬಂದು ಪಿನ್ನಣ್ಣನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ಅಪಾರ ಪ್ರೀತಿಯಿತ್ತು.

"ನೀವು ನೆಮ್ಮದಿಯಾಗಿರಿ ಯಜಮಾನ್ರೇ. ಹಿಡಿದ ಕೇಸು ನಾನು ಇವತ್ತಿನವರೆಗೂ ಒಂದೂ ಸೋತಿಲ್ಲ."