ಷರಾ: ಥಾಯ್ ಊಟ ಇರುವುದಿಲ್ಲ

ಚಿತ್ರದುರ್ಗ ಸೀಮೆಯಲ್ಲಿ ಒಳ್ಳೆಯ ಥಾಯ್ಲೆಂಡ್ ಊಟ ಸಿಗುವುದಿಲ್ಲ ಎಂಬುದನ್ನು ದಾಖಲೆ ಸಮೇತ, ನಕ್ಷೆ ಸಮೇತ, ಸಾಕ್ಷಿಗಳ ರುಜು ಸಮೇತ ಸಾಬೀತು ಮಾಡಿದ ಏಕೈಕ ಮನುಷ್ಯ ನಮ್ಮ ಮಾವ! ಇದರಲ್ಲಿ ಸಾಬೀತು ಮಾಡುವುದೇನು ಬಂತು, ಕೇಳಿದ್ದರೆ ನಾವೇ ಹೇಳುತ್ತಿದ್ದೆವಲ್ಲ ಅನ್ನುತ್ತೀರಾ? ನಾನೂ ಹಾಗೇ ಅಂದೆ. "ನೀನು ಹೇಳಿದ್ರೆ ಅದು ಬಾಯಿಮಾತು ಕಣವ್ವ. ಸ್ಥಳಕ್ಕೆ ಹೋಗಿ ನೋಡಿ ಬರೆದ್ರೇನೇ ದಾಖಲೆ" ಅಂದುಬಿಟ್ಟರು.

ಮಾವ ಅಂದರೆ ನಮ್ಮಮ್ಮನ ಅಣ್ಣ. ಸರ್ವೇಯರ್ ಆಗಿದ್ದವರು. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಅವರ ಸರಪಳಿ ಬೀಳದ ಹೊಲವಿಲ್ಲ, ಅವರು ಜಗಳ ಬಿಡಿಸದ ಬದುವಿಲ್ಲ. ಸರ್ಕಾರ ಅವರನ್ನು ನಿವೃತ್ತಿ ಮಾಡಿತೇ ಹೊರತು ಅವರೊಳಗಿನ ಅಳತೆಯನ್ನು ನಿವೃತ್ತಿ ಮಾಡಲಿಲ್ಲ. ಒಮ್ಮೆ ನನ್ನ ತಮ್ಮನಿಗೆ ಹೆಣ್ಣು ನೋಡಲು ಹೋಗಿದ್ದೆವು. ಉಪ್ಪಿಟ್ಟು ಕೇಸರಿಬಾತು ಮುಗಿದು, ಹುಡುಗಿಯ ಅಪ್ಪ ಕೈಮುಗಿದು, "ಹಿರಿಯರು ನೀವು, ಏನಂತೀರಿ?" ಎಂದು ಮಾವನನ್ನು ಕೇಳಿದರು. ಮಾವ ಗಂಟಲು ಸರಿ ಮಾಡಿಕೊಂಡು, "ಹುಡುಗಿ ಚಿನ್ನದಂಥೋಳು. ಆದ್ರೆ ನಿಮ್ಮ ಕಾಂಪೌಂಡು ಪಕ್ಕದವರ ಸೈಟಿಗೆ ಒಂಬತ್ತಿಂಚು ಹೋಗೈತೆ" ಅಂದರು! ಪಕ್ಕದವರೂ ಅಲ್ಲೇ ಕೂತಿದ್ದರು. ಸಂಬಂಧವೇನೋ ಕೂಡಿತು, ಆದರೆ ಇವತ್ತಿಗೂ ಮಾವ ಹೋದರೆ ಬೀಗರು ಅವರನ್ನು ಅಂಗಳದಲ್ಲಿ ನಿಲ್ಲಲು ಬಿಡದೆ ಒಳಗೆ ಕರೆದುಕೊಂಡು ಹೋಗಿಬಿಡುತ್ತಾರೆ.

ಇಂಥವರಿಗೆ ಥಾಯ್ ಊಟದ ಹುಚ್ಚು ಯಾಕೆ ಹತ್ತಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಅವರನ್ನು ಬರೀ ತಿಂಡಿಪೋತ ಅಂದುಕೊಳ್ಳುತ್ತೀರಿ. ಹೋದ ವರ್ಷ ನಮ್ಮ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಒಂದು ಕೆಟ್ಟ ಜ್ವರ ಬಂತು. ವಾರದಲ್ಲಿ ಹೋಯಿತು ಅನ್ನಿ. ಹೋಗುವಾಗ ಅತ್ತೆಯ ಮೂಗನ್ನೂ ನಾಲಿಗೆಯನ್ನೂ ಜೊತೆಯಲ್ಲೇ ಕರೆದುಕೊಂಡು ಹೋಯಿತು. ವಾಸನೆ ಇಲ್ಲ, ರುಚಿ ಇಲ್ಲ. ಅದೂ ಎಂಥ ಅತ್ತೆಗೆ! ಪಕ್ಕದ ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಕಿಟಕಿಯಿಂದ ಕೂಗಿ ಹೇಳುತ್ತಿದ್ದವರು. ಅವರು ಅವರೆಕಾಳು ಸಾರಿಗೆ ಒಗ್ಗರಣೆ ಹಾಕಿದರೆ ಬೀದಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ಹೋಗುತ್ತಿದ್ದರು. ಅಂಥವರು ಈಗ ತಟ್ಟೆಯ ಮುಂದೆ ಕೂತು, "ಮಣ್ಣು ತಿಂದಂಗಾಗ್ತೈತೆ" ಎಂದು ಎರಡು ತುತ್ತಿಗೇ ಎದ್ದುಬಿಡುತ್ತಿದ್ದರು. ಮೈ ಇಳಿದು ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಸಾರಿಗೆ ಉಪ್ಪು ಹಾಕಿದ್ದು ತಿಳಿಯದೆ ಇನ್ನೊಮ್ಮೆ ಹಾಕುತ್ತಿದ್ದರು. ಮಾವ ಅದನ್ನೇ ಉಂಡು, ಹಿತ್ತಲಿಗೆ ಹೋಗಿ, ಅವರಿಗೆ ಕಾಣದಂತೆ ಮೂರು ಚೊಂಬು ನೀರು ಕುಡಿದು ಬರುತ್ತಿದ್ದರು. ಡಾಕ್ಟರು, "ನಿಧಾನಕ್ಕೆ ಬರುತ್ತೆ. ಕೆಲವರಿಗೆ ಬರದೇನೂ ಇರಬಹುದು" ಅಂದಿದ್ದರು. ಆ ಎರಡನೆಯ ಮಾತು ಮಾವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಹೀಗಿರುವಾಗ ಬೆಂಗಳೂರಿನಲ್ಲಿ ನೆಂಟರ ಮದುವೆ ಬಂತು. ಮಾರನೆಯ ದಿನ ಮದುಮಗ ನಮ್ಮನ್ನೆಲ್ಲ ಒಂದು ಥಾಯ್ ಹೋಟೆಲಿಗೆ ಕರೆದುಕೊಂಡು ಹೋದ. ಮಾವ ಕೂತವರೇ ಕೇಳಿದ್ದು, "ಮುದ್ದೆ ಐತೇನಪ್ಪ?" ಸಪ್ಲೈಯರ್ ಪಾಪ ಯಾವ ರಾಜ್ಯದವನೋ, ಅಂಟು ಅಂಟಾದ ಅನ್ನದ ಉಂಡೆಯೊಂದನ್ನು ತಂದಿಟ್ಟ. ಮಾವ ಅದನ್ನು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ಗುಳುಂ ಎಂದು ನುಂಗಿದರು. ಮುದ್ದೆಯನ್ನು ನುಂಗುವ ಹಾಗೆ ಅನ್ನವನ್ನು ನುಂಗಲು ಬರುತ್ತದೆಯೇ? ಗಂಟಲಲ್ಲಿ ಸಿಕ್ಕಿಕೊಂಡಿತು! ನಾವೆಲ್ಲ ಎದ್ದು ಅವರ ಬೆನ್ನಿಗೆ ಗುದ್ದುತ್ತಿರುವಾಗ ಅತ್ತೆ ಮೆಲ್ಲಗೆ, "ರೀ, ಈ ಸಾರು ಘಮ್ಮಂತೈತೆ ಕಣ್ರಿ" ಅಂದರು. ತೆಂಗಿನ ಹಾಲಿಗೆ ಯಾವುದೋ ಹುಲ್ಲು ಹಾಕಿ ಕುದಿಸಿದ ಹುಳಿ ಸಾರು. ಆರು ತಿಂಗಳಲ್ಲಿ ಮೊದಲ ಸಲ ಅವರ ಮೂಗಿಗೆ ಏನೋ ಮುಟ್ಟಿತ್ತು. ಒಂದು ಬಟ್ಟಲು ಕುಡಿದರು, ಇನ್ನೊಂದು ಕೇಳಿ ಹಾಕಿಸಿಕೊಂಡರು. ಮಾವ ಗಂಟಲು ಹಿಡಿದುಕೊಂಡೇ ಹೆಂಡತಿಯನ್ನು ನೋಡುತ್ತ ಕೂತಿದ್ದರು.

ಊರಿಗೆ ಬಂದ ಮೇಲೆ ಮೂಗು ಮತ್ತೆ ಮುಚ್ಚಿಕೊಂಡಿತು. ಇನ್ನೊಮ್ಮೆ ಬೆಂಗಳೂರಿಗೆ ಹೋಗೋಣವೆಂದರೆ ಅತ್ತೆಗೆ ದೂರದ ಕಾರು ಪ್ರಯಾಣ ಆಗಿಬರುವುದಿಲ್ಲ. ದಾರಿಯುದ್ದ ವಾಂತಿ, ಬಂದ ಮೇಲೆ ಮೂರು ದಿನ ಹಾಸಿಗೆ. "ಹಂಗಾದ್ರೆ ನಮ್ಮ ಸರಹದ್ದಿನಾಗೇ ಹುಡುಕಾಣ. ನಾಲ್ಕು ತಾಲ್ಲೂಕಿನಾಗೆ ಒಂದು ಸಾರು ಸಿಗಲ್ವಾ?" ಎಂದು ಮಾವ ಹಳೆಯ ರಟ್ಟಿನ ಪುಸ್ತಕ ತೆಗೆದರು. ನಾನು ಹೈಸ್ಕೂಲ್ ಟೀಚರ್, ಭಾನುವಾರ ರಜ, ಬಾಗಿಲಲ್ಲಿ ಒಂದು ಪುಟ್ಟ ಕಾರು. ಇನ್ನೇನು ಬೇಕು? ನನ್ನನ್ನು ಒಂದು ಮಾತೂ ಕೇಳದೆ ಡ್ರೈವರ್ ಮಾಡಿದರು.

ಮೊದಲು ದುರ್ಗದಲ್ಲೇ ಶುರುವಾಯಿತು. ಒಂದು ಹೋಟೆಲಿನಲ್ಲಿ ಮಾವ, "ಥಾಯ್ಲೆಂಡ್ ಊಟ ಐತೇನಪ್ಪ?" ಅಂದರು. ಸಪ್ಲೈಯರ್ ರೆಪ್ಪೆ ಬಡಿಯದೆ, "ಫುಲ್ಲಾ ಹಾಫಾ ಸಾ?" ಅಂದ. ಆಹಾ, ಎಂಥ ವಿಶ್ವಾಸ! ಮಾವ ಗೆದ್ದೆವೆಂಬಂತೆ ನನ್ನ ಮುಖ ನೋಡಿದರು. ಬಂದದ್ದು ಗೋಬಿ ರೈಸು.

ಮುಂದಿನ ಭಾನುವಾರ ಹೊಳಲ್ಕೆರೆ ರಸ್ತೆ. ಅಲ್ಲೊಂದು ಫ್ಯಾಮಿಲಿ ರೆಸ್ಟೋರೆಂಟಿನ ಬೋರ್ಡಿನ ಮೇಲೆ ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್ ಎಂದೆಲ್ಲ ಬರೆದು, ತುದಿಯಲ್ಲಿ ಥಾಯ್ ಎಂದಿತ್ತು. ಮಾವ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದರು! ಬಂದ ಸಾರು ಟೊಮೆಟೊ ಸಾರಿಗೆ ಜೋಳದ ಹಿಟ್ಟು ಕದಡಿದಂತಿತ್ತು. ಅತ್ತೆ ಮೂಸಿ ತಲೆಯಾಡಿಸಿದರು. ಮಾವ ಓನರನ್ನು ಕರೆಸಿ, "ಇದು ಥಾಯಾ? ಎದೆ ಮುಟ್ಟಿ ಹೇಳ್ರಿ" ಅಂದರು. ಅವನು ಒಳ್ಳೆಯ ಮನುಷ್ಯ, ನಿಜ ಹೇಳಿಬಿಟ್ಟ. "ಬೋರ್ಡ್ನಾಗೆ ಜಾಗ ಉಳಿದಿತ್ತು ಸಾ. ಬಣಬಣ ಅಂತೈತೆ ಅಂತ ಪೇಂಟರ್ರೇ ಒಂದು ಸೇರಿಸ್ದ."

ಆಗ ಮಾವ ರಟ್ಟಿನ ಪುಸ್ತಕ ತೆರೆದರು. ಸರ್ವೇಯರು ಜಾಗ ನೋಡಿದ ಮೇಲೆ ಮಹಜರು ಬರೆಯದೆ ಏಳುತ್ತಾರೆಯೇ? ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ಚಕ್ಕುಬಂದಿ ಹಾಕಿ, ಕೊನೆಗೆ ತಮ್ಮ ಅಭಿಪ್ರಾಯವನ್ನು ಷರಾ ಎಂದು ಬರೆದು, ಅಲ್ಲಿದ್ದ ಇಬ್ಬರಿಂದ ಸಾಕ್ಷಿ ರುಜು ಹಾಕಿಸಬೇಕು. ಮಾವ ಬರೆದದ್ದನ್ನು ನಾನು ಇಣುಕಿ ಓದಿದೆ. "ಪೂರ್ವಕ್ಕೆ: ಟೈರ್ ಅಂಗಡಿ. ಪಶ್ಚಿಮಕ್ಕೆ: ಅಡಿಕೆ ಸುಲಿಯುವ ಶೆಡ್ಡು. ಉತ್ತರಕ್ಕೆ: ರಸ್ತೆ. ದಕ್ಷಿಣಕ್ಕೆ: ಅಡುಗೆಮನೆಯ ಹೊಗೆ. ಷರಾ: ಸದರಿ ಸ್ಥಳದಲ್ಲಿ ಥಾಯ್ ಊಟ ಇರುವುದಿಲ್ಲ." ಪಕ್ಕದ ಟೇಬಲ್ಲಿನಲ್ಲಿ ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರು ಗೋಬಿ ತಿನ್ನುತ್ತಿದ್ದರು. ಅವರ ಮುಂದೆ ಪುಸ್ತಕ ಹಿಡಿದರೆ, ಓದದೆ ರುಜು ಹಾಕುವವನಲ್ಲ ನಾನು ಅಂದರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಪೆನ್ನು ಇಸಿದುಕೊಂಡು, ಮಾವನ ಷರಾದ ಕೆಳಗೆ ತಮ್ಮದೇ ಅಕ್ಷರದಲ್ಲಿ "ಗೋಬಿಯೂ ಸರಿಯಿಲ್ಲ" ಎಂದು ಸೇರಿಸಿ ರುಜು ಹಾಕಿದರು.

ಹಿರಿಯೂರಿನದು ಇದಕ್ಕಿಂತ ಫಜೀತಿ. ಹೆದ್ದಾರಿ ಬದಿಯ ಹೋಟೆಲು. ನಾನೂ ಅತ್ತೆಯೂ ಕಾರಿನಿಂದ ಇಳಿಯುವಷ್ಟರಲ್ಲಿ ಮಾವ ನಕ್ಷೆ ಬರೆಯಲು ರಸ್ತೆಯಂಚಿನಿಂದ ಹೋಟೆಲಿನ ಬಾಗಿಲವರೆಗೆ ಹೆಜ್ಜೆ ಹಾಕುತ್ತ, ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಕೈಯಲ್ಲಿ ಪುಸ್ತಕ, ಕಿವಿಯಲ್ಲಿ ಪೆನ್ಸಿಲು, ಸೊಂಟದಲ್ಲಿ ಟೇಪು. ಹೆದ್ದಾರಿ ಬದಿಯ ಜನ ಇದನ್ನು ನೋಡಿ ಸುಮ್ಮನೆ ಕೂತಿರುತ್ತಾರೆಯೇ? ಟೀ ಅಂಗಡಿಯವನು ಬಂದ, ಪಂಕ್ಚರ್ ಅಂಗಡಿಯವನು ಬಂದ, ಎಳನೀರಿನವಳು ಮಚ್ಚು ಹಿಡಿದೇ ಬಂದಳು.

"ಸಾ, ರೋಡು ಅಗಲ ಮಾಡ್ತಾರಾ? ನಮ್ ಅಂಗಡಿ ಎಷ್ಟಡಿ ಹೋಗ್ತೈತೆ ಸಾ?" ಅಂದ ಟೀ ಅಂಗಡಿಯವನು.

ಮಾವ ಸುಮ್ಮನೆ ಇಲ್ಲ ಅನ್ನಬಹುದಿತ್ತಲ್ಲ! ಮೂವತ್ತೈದು ವರ್ಷದ ಅಭ್ಯಾಸ, ಬಾಯಿ ತಾನಾಗಿ ತೆರೆಯಿತು. "ರಸ್ತೆ ಮಧ್ಯದಿಂದ ಹಿಡೀಬೇಕು. ನಿಮ್ದು ಮುಂದಿನ ಕಂಬ ಹೋಗ್ತೈತೆ. ಈ ತಾಯಿದು ಪೂರ್ತಿ ಹೋಗ್ತೈತೆ."

ಎಳನೀರಿನವಳು ಅಯ್ಯಯ್ಯೋ ಎಂದು ಬಾಯಿ ಬಡಿದುಕೊಂಡಳು. ಅತ್ತೆ ಓಡಿಬಂದು, "ಅಯ್ಯೋ ಅಳಬೇಡ್ರೇ! ಇವ್ರು ಸಾರು ಹುಡುಕ್ತಾ ಅವ್ರೆ ಅಷ್ಟೇ!" ಅಂದರು. ಯಾರಾದರೂ ನಂಬುತ್ತಾರೆಯೇ? "ದೊಡ್ಡ ಆಫೀಸರ್ರು ಹಂಗೇ ಗುಟ್ಟಾಗಿ ಬರೋದು" ಎಂದು ಪಂಕ್ಚರಿನವನು ತಿಳಿದವನಂತೆ ಎಲ್ಲರಿಗೂ ವಿವರಿಸಿದ. ಹೋಟೆಲಿನ ಓನರು ನಮ್ಮನ್ನು ಫ್ಯಾನಿನ ಕೆಳಗೆ ಕೂರಿಸಿ, "ಬರ್ರಿ ಬರ್ರಿ, ಕುಂತ್ಕಳ್ರಿ. ಥಾಯ್ ಸಾರಾ? ಈಗ್ಲೇ ಮಾಡುಸ್ತೀನಿ" ಎಂದು ಒಳಗೆ ಓಡಿದ. ಅವನ ಭಟ್ಟ ಆಂಧ್ರದ ಕಡೆಯವನು. ಅವನಿಗೆ ಥಾಯ್ಲೆಂಡ್ ಗೊತ್ತಿರಲಿಲ್ಲ, ಆದರೆ ಮೆಣಸಿನಕಾಯಿ ಚೆನ್ನಾಗಿ ಗೊತ್ತಿತ್ತು. ಒಂದು ಗುಟುಕಿಗೆ ಅತ್ತೆಯ ಕಣ್ಣು ಮೂಗು ಎರಡರಲ್ಲೂ ನೀರು. ಮಾವ ಖುಷಿಯಿಂದ ಎದ್ದು ನಿಂತು, "ಮೂಗು ಬಿಡ್ತು! ಮೂಗು ಬಿಡ್ತು!" ಅಂದರು.

"ಖಾರಕ್ಕೆ ಕಣ್ರಿ," ಎಂದು ಅತ್ತೆ ಸೆರಗಿನಿಂದ ಒರೆಸಿಕೊಂಡರು, "ವಾಸನೆ ಎಲ್ಲಿ ಬರ್ತೈತೆ?"

ಮಾವ ಮೆಲ್ಲಗೆ ಕೂತರು. ಮಹಜರಿಗೆ ರುಜು ಹಾಕುವ ಮೊದಲು ಓನರು, "ಸಾ, ಸೈನ್ ಹಾಕಿದ್ರೆ ಜಾಗ ಹೋಗಲ್ವಲ್ಲ?" ಎಂದು ಮೂರು ಸಲ ಕೇಳಿದ.

ಅವತ್ತು ವಾಪಸ್ ಬರುವಾಗ ಅತ್ತೆ, "ಸಾಕು ಬಿಡ್ರಿ. ಇಷ್ಟು ವರ್ಷ ತಿಂದಿದ್ದೀನಲ್ಲ, ರುಚಿ ನೆನಪೈತೆ. ಅದ್ರಾಗೇ ಕಳೀತೀನಿ" ಅಂದರು. ಮಾವ ಕಿಟಕಿಯ ಕಡೆ ತಿರುಗಿಕೊಂಡರು. ಮನೆ ಬರುವವರೆಗೆ ಯಾವ ಹೊಲದ ಬದುವಿನ ಬಗ್ಗೆಯೂ ಮಾತಾಡಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಇನ್ನು ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ಭಾನುವಾರ ಬೆಳಿಗ್ಗೆಯೇ ಬಂದು ಹಾರ್ನ್ ಬಾರಿಸಿದರು, ನನ್ನ ಕಾರಿನದೇ! "ಹೊಸದುರ್ಗ ಉಳ್ಕಂಡೈತೆ, ನಡಿ." ಅತ್ತೆ ಬರಲಿಲ್ಲ. ಅಲ್ಲಿ ಹೋಟೆಲುಗಳನ್ನೆಲ್ಲ ಸುತ್ತಿ, ಸೋತು, ಒಂದು ಗೋಬಿ ಗಾಡಿಯ ಮುಂದೆ ನಿಂತೆವು. ಗಾಡಿಯವನು ಮತ್ತೋಡಿನ ಕಡೆಯವನಂತೆ, ಐವತ್ತರ ಆಸುಪಾಸು. ಮಾವನ ಪ್ರಶ್ನೆ ಕೇಳಿ ಅವನು ನಗಲಿಲ್ಲ, ಹಾಫಾ ಫುಲ್ಲಾ ಅನ್ನಲಿಲ್ಲ. ಬಾಣಲೆಯ ಉರಿ ತಗ್ಗಿಸಿ, "ತೆಂಗಿನ ಹಾಲಿನ ಸಾರಾ, ತಿಳಿ ಸಾರಾ, ಯಜಮಾನ್ರೇ?" ಅಂದ. ಗೋವಾದಲ್ಲಿ ಒಂದು ಥಾಯ್ ಹೋಟೆಲಿನಲ್ಲಿ ಎರಡು ವರ್ಷ ಇದ್ದನಂತೆ.

"ಅಲ್ಲಿ ಭಟ್ಟನಾಗಿದ್ಯೇನಪ್ಪ?"

"ಇಲ್ಲ, ಪಾತ್ರೆ ತೊಳೀತಿದ್ದೆ. ಪಾತ್ರೆನಾಗೆ ಏನು ಬೆಂದಿತ್ತು ಅಂತ ತೊಳಿಯೋನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗ್ತೈತೆ ಹೇಳ್ರಿ? ನಿಮಗೆ ಅದು ಯಾವ ಹೋಟ್ಲಾಗೂ ಸಿಗಲ್ಲ. ಮನೇಲೇ ಮಾಡ್ರಿ. ಅದಕ್ಕೆ ಹಾಕೋ ಹುಲ್ಲು ಬೇರೇನಲ್ಲ, ನಿಂಬೆ ವಾಸ್ನೆ ಬರೋ ನಮ್ಮ ಮಜ್ಜಿಗೆ ಹುಲ್ಲು."

ಸಾರು ಮಾಡುವ ಬಗೆಯನ್ನು ಅವನು ಹೇಳಿದಂತೆಯೇ ಮಾವ ಒಂದು ಚೀಟಿಯಲ್ಲಿ ಬರೆದುಕೊಂಡು, ಓದಿ ಹೇಳಿ, ರುಜು ಹಾಕಿಸಿಕೊಂಡರು. ತಾಳ್ಯದ ಗೆಳೆಯರೊಬ್ಬರ ತೋಟದಿಂದ ಮಜ್ಜಿಗೆ ಹುಲ್ಲು ಒಂದು ಹೊರೆ ಬಂತು. ದನಕ್ಕೆ ಹಾಕಿದರೂ ಎರಡು ದಿನಕ್ಕೆ ಸಾಕಾಗುವಷ್ಟು!

ಈಗ ಕೇಳಿ. ಜನ್ಮದಲ್ಲಿ ಗ್ಯಾಸ್ ಒಲೆ ಹಚ್ಚದ ಮಾವ ಅತ್ತೆಯನ್ನು ನಡುಮನೆಯಲ್ಲಿ ಕೂರಿಸಿ, ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. ಒಲೆ ಹಚ್ಚುವಷ್ಟು ಮಾತ್ರ ನನ್ನ ಕೆಲಸ. ಹುಲ್ಲನ್ನು ಟೇಪು ಹಿಡಿದು ಮೂರು ಮೂರು ಇಂಚಿಗೆ ಗುರುತು ಹಾಕಿ ಕತ್ತರಿಸಿದರು. ತೆಂಗಿನ ಹಾಲನ್ನು ಪಾತ್ರೆಗೆ ಸುರಿದು ದೊಡ್ಡ ಉರಿಯ ಮೇಲಿಟ್ಟರು. ಅಲ್ಲಿಗೆ ಕೆಲಸ ನಿಂತಿತು. ಚೀಟಿಯಲ್ಲಿ "ಒಂದು ಹಿಡಿ ಸೊಪ್ಪು" ಎಂದಿತ್ತು.

"ಹಿಡಿ ಅಂದ್ರೆ ಯಾರ ಹಿಡಿ? ಅವನದಾ, ನಂದಾ?"

"ಯಾರದೋ ಒಂದು ಹಾಕಿ ಮಾವ."

"ಹಂಗೆ ಅಂದಾಜಿನಾಗೆ ಹಾಕಕ್ಕೆ ಬರ್ತೈತೇನವ್ವ? ಅವನ ಕೈ ದೊಡ್ಡದಿತ್ತು."

ನಾನು ನನ್ನ ಮುಷ್ಟಿ ತೋರಿಸಿದೆ, ಅವರು ತಮ್ಮ ಮುಷ್ಟಿಗೆ ಟೇಪು ಸುತ್ತಿದರು. ಹೀಗೆ ನಾವಿಬ್ಬರೂ ಒಲೆಗೆ ಬೆನ್ನು ಮಾಡಿ ಜಗಳವಾಡುತ್ತಿರುವಾಗ ನಡುಮನೆಯಿಂದ ಅತ್ತೆಯ ಕೂಗು ಬಂತು.

"ಏನೋ ಸೀದು ಹೋಗ್ತಾ ಐತೆ! ತಳ ಹಿಡೀತು ಕಣ್ರಿ! ಒಲೆ ಆರಿಸ್ರಿ!"

ನಾನು ತಿರುಗಿ ನೋಡಿದರೆ ತೆಂಗಿನ ಹಾಲು ಬತ್ತಿ, ಪಾತ್ರೆಯ ತಳದಲ್ಲಿ ಕಪ್ಪಾಗಿ ಹೊಗೆಯಾಡುತ್ತಿತ್ತು. ಒಲೆಯ ಕಡೆಗೆ ಕೈ ಚಾಚಿದೆ. ಮಾವ ಥಟ್ಟನೆ ನನ್ನ ಮಣಿಕಟ್ಟು ಹಿಡಿದರು.

"ಏನಂದೆ?" ಎಂದು ನಡುಮನೆಯ ಕಡೆ ಕೇಳಿದರು. ದನಿ ಅವರದೇ ಅಲ್ಲವೇನೋ ಅನ್ನಿಸುವಷ್ಟು ಸಣ್ಣಗಿತ್ತು.

"ಸೀದ ವಾಸನೆ! ಮನೆಯೆಲ್ಲ ತುಂಬ್ಕಂಡೈತೆ! ಇಬ್ರಿಗೂ ಮೂಗಿಲ್ವೇನ್ರಿ?"

ಅಂದವರು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಮೂಗಿನ ಮೇಲೆ. ಇನ್ನೊಮ್ಮೆ ಉಸಿರು ಎಳೆದುಕೊಂಡು ನೋಡಿದರು. ಕೆಮ್ಮು ಬಂತು, ಅದರ ಜೊತೆಗೇ ಅಳುವೂ ಬಂತು, ನಗುವೂ ಬಂತು. ಮಾವ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಅದುವರೆಗೆ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ನನಗೂ ಕಣ್ಣು ಮಂಜಾಯಿತು, ಹೊಗೆಗೆ ಎಂದು ಹೇಳಿಕೊಂಡೆ.

ಹೊಗೆ ದಟ್ಟವಾಗತೊಡಗಿತು. ನಾನು ಮತ್ತೆ ಒಲೆಗೆ ಕೈ ಹಾಕಿದೆ. ಮಾವ ಟವೆಲ್ಲಿನೊಳಗಿಂದಲೇ ಬೇಡವೆಂದು ಕೈಯಾಡಿಸಿದರು.

"ಇರ್ಲಿ ಬಿಡವ್ವ. ಇನ್ನೊಂದೀಟು ಸೀಯ್ಲಿ."