ಭಾವನವರು ನೌಕರಿ ನೋಡಲು ಹೋದದ್ದು

ಎರಡು ಸಾವಿರದ ಇಪ್ಪತ್ತೆರಡನೆಯ ಇಸವಿ. ನನಗೆ ಆಗ ಐವತ್ತೆರಡು ವರ್ಷ. ಶಾಲೆಯ ಕೆಲಸದಿಂದ ಸ್ವಯಂನಿವೃತ್ತಿ ಪಡೆದು, ಹಾಸನದ ಮನೆಯಲ್ಲಿ ದಿನಪತ್ರಿಕೆಯ ಅಚ್ಚಿನ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತ ನೆಮ್ಮದಿಯಾಗಿದ್ದೆ. ನೌಕರಿಗಾಗಿ ಸಂದರ್ಶನಕ್ಕೆ ಹೋಗುವವರನ್ನು ನೀವೆಲ್ಲ ನೋಡಿದ್ದೀರಿ. ನೌಕರಿಯನ್ನೇ ಸಂದರ್ಶಿಸಿ ಬರುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಹೆಂಡತಿಯ ಅಣ್ಣ!

ಭಾವನವರು ಹೊಳೆನರಸೀಪುರದ ಪಕ್ಕದ ಹಳ್ಳಿಯ ರೈತರು. ಆದರೆ ಅವರ ಖ್ಯಾತಿ ಇರುವುದು ಬೇಸಾಯದಲ್ಲಲ್ಲ, ಮನೆ ನೋಡುವುದರಲ್ಲಿ. ನೆಂಟರಲ್ಲಿ ಯಾರ ಮಗಳನ್ನು ಕೊಡುವುದಿದ್ದರೂ ಗಂಡಿನ ಮನೆ ನೋಡಲು ಇವರೇ ಆಗಬೇಕು. ಹಿತ್ತಿಲು, ಒಲೆ, ಬಚ್ಚಲು, ಕೊಟ್ಟಿಗೆ, ಎಲ್ಲವೂ ತಪಾಸಣೆಗೆ ಒಳಪಡಬೇಕು. ಮನೆ ಒಪ್ಪಿಗೆಯಾಗುವವರೆಗೆ ಅಲ್ಲಿಯ ನೀರನ್ನು ಅವರು ಮುಟ್ಟುವುದಿಲ್ಲ. ಕುಡಿದರೆಂದರೆ ಸಂಬಂಧ ಕುದುರಿತು! ನನ್ನ ಮನೆಯನ್ನೂ ಹೀಗೆಯೇ ನೋಡಿದ್ದರು. ಚೊಂಬು ಎತ್ತಿ ಗಟಗಟನೆ ಕುಡಿದರು. ಕುಡಿದವರೇ ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟರು. ನಮ್ಮ ಬಾವಿಯ ನೀರು ಅಷ್ಟು ಕೆಟ್ಟದಾಗಿತ್ತೆ? ಆ ಸಂಶಯದಿಂದ ಅಂದಿನಿಂದ ನಾನು ಆ ಬಾವಿಯ ಹೂಳೆತ್ತಿಸುತ್ತಲೇ ಇದ್ದೇನೆ!

ಆ ವರ್ಷ ಅವರ ಒಬ್ಬಳೇ ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದಳು. ಆಕೆಗೆ ಬೇಕಾದದ್ದು ಒಂದು ನೌಕರಿ, ಅಷ್ಟೇ. ಅರ್ಜಿ ಬರೆಯುವ ಹೊಣೆ ನನ್ನದು. ಅಲ್ಪವಿರಾಮ, ಪೂರ್ಣವಿರಾಮಗಳೆಲ್ಲ ಸ್ವಸ್ಥಾನದಲ್ಲಿದ್ದ ಆ ಅರ್ಜಿಗಳಿಗೆ ಬಹುಪಾಲು ಉತ್ತರವೇ ಬರುತ್ತಿರಲಿಲ್ಲ. ಬಂದರೆ, ಮಗಳಿಗಿಂತ ಮೊದಲು ಅಪ್ಪ ಪಂಚೆ ಉಟ್ಟು ಸಿದ್ಧರಾಗುತ್ತಿದ್ದರು.

“ಭಾವ, ನೀವೇಕೆ?” ಎಂದೆ.

“ಮಗಳ್ನ ಕಳ್ಸೋದು ಅಂದ್ಮೇಲೆ ಗಂಡನ ಮನೆ ಆದ್ರೇನು, ಆಫೀಸಾದ್ರೇನು ಮೇಷ್ಟ್ರೆ? ಬೆಳಗಿಂದ ಸಂಜೆಗಂಟ ಅಲ್ಲೇ ಬಾಳ್ಬೇಕಲ್ವಾ!”

ಮೊದಲು ಕರೆದದ್ದು ಹಾಸನದ ಒಂದು ಹೊಸ ಕಂಪನಿ. ಹಾಲ್ ತುಂಬ ಕಡತ ಹಿಡಿದ ಪದವೀಧರರು. ನಾವು ಮೂವರೂ ಕುಳಿತೆವು. ಭಾವನವರು ಮಾತ್ರ ತಕ್ಷಣ ಎದ್ದು, ತಮ್ಮ ಕುರ್ಚಿಯನ್ನು ಮಗುಚಿದರು.

“ಮೇಷ್ಟ್ರೆ, ಓದಿ ಇದ್ನ.”

ಕುರ್ಚಿಯ ಬೆನ್ನಿಗೆ ಒಂದು ಶಾಮಿಯಾನ ಅಂಗಡಿಯ ಹೆಸರಿತ್ತು. ಪಕ್ಕದ ಕುರ್ಚಿಗೂ ಅದೇ. ಹಿಂದಿನ ಸಾಲಿಗೂ ಅದೇ!

“ಕೂರಕ್ಕೆ ಸ್ವಂತ ಕುರ್ಚಿ ಇಲ್ದೋರು ನಮ್ಮ ಮಗೀಗೆ ಎಂಗೆ ಸಂಬ್ಳ ಕೊಟ್ಟಾರು? ಏಳವ್ವ.” ಕಂಪನಿಯವರು ಕೈಗಿತ್ತಿದ್ದ ನೀರಿನ ಬಾಟಲಿಯನ್ನು ಮುಚ್ಚಳ ತೆರೆಯದೆ ಮೇಜಿನ ಮೇಲಿಟ್ಟು ಹೊರಟರು. ಮರುವಾರ ಅದೇ ಕುರ್ಚಿಯಲ್ಲಿ ಕುಳಿತು ನಾನು ಒಂದು ಮದುವೆಯ ಊಟ ಮಾಡಿದೆ. ಕಂಪನಿ ಎಲ್ಲಿಗೆ ಹೋಯಿತೋ!

ಒಮ್ಮೆ ಗೆದ್ದವರನ್ನು ಹಿಡಿಯುವವರುಂಟೆ? ಮುಂದಿನದು ಹೊಳೆನರಸೀಪುರದ ಒಂದು ಖಾಸಗಿ ಕಾಲೇಜು. ಉಪನ್ಯಾಸಕಿಯ ಹುದ್ದೆ. ಪ್ರಾಂಶುಪಾಲರು ಬಾಯಿ ತೆರೆಯುವುದಕ್ಕೆ ಮೊದಲೇ ಭಾವನವರು ಕೇಳಿದರು: “ಇದ್ಕೆ ಮುಂಚೆ ಇದ್ದ ಮೇಡಮ್ಮು ಯಾಕ್ ಬುಟ್ಟೋದ್ರು ಸಾ?”

ಪ್ರಾಂಶುಪಾಲರು ಕೇಳಿಸದವರಂತೆ ಹುಡುಗಿಯ ಕಡೆ ತಿರುಗಿ, “ಅನುಭವ ಎಷ್ಟಿದೆಯಮ್ಮ?” ಎಂದರು.

“ಈಗ್ತಾನೆ ಓದ್ ಮುಗ್ಸವ್ಳೆ. ಮೊದಲ್ನೇ ಮದ್ವೆಗೆ ನಿಂತಿರೋ ಹೆಣ್ಣಿಗೆ ಸಂಸಾರ ಮಾಡಿದ ಅನುಭವ ಐತಾ ಅಂತ ಕೇಳ್ತಾರಾ ಸಾ?”

ನಮ್ಮ ಬಳಿಗೆ ಬರುತ್ತಿದ್ದ ಕಾಫಿ ಬಾಗಿಲಿನಿಂದಲೇ ಹಿಂದಕ್ಕೆ ಹೋಯಿತು!

ಆ ಸಂಜೆ ಹುಡುಗಿ ನನ್ನೆದುರು ಅತ್ತುಬಿಟ್ಟಳು. “ಮಾವ, ಇನ್ನೊಂದ್ಸಲ ಅಪ್ಪಾಜಿ ಬಂದ್ರೆ ನಾನು ಮನೇಲೇ ಮುದುಕಿ ಆಗ್ತೀನಿ. ನನ್ ಜೊತೆ ಓದಿದೋಳು ಬಟ್ಟೆ ಅಂಗ್ಡೀಲಿ ಸೀರೆ ಮಡಿಸ್ತವ್ಳೆ. ನಂಗೆ ಅದೂ ಇಲ್ಲ!”

ನಗುವ ವಿಷಯ ಅಲ್ಲಿಗೆ ಮುಗಿದಂತೆನಿಸಿತು. ಎರಡು ವರ್ಷಗಳು ಹೀಗೆಯೇ ಸರಿದವು. ಕೊನೆಗೆ ಚನ್ನರಾಯಪಟ್ಟಣದಲ್ಲಿ ಹಾಲು ಪರೀಕ್ಷಿಸುವ ಖಾಸಗಿ ಪ್ರಯೋಗಾಲಯವೊಂದು ಆಕೆಯನ್ನು ಕರೆಯಿತು. ಗುಟ್ಟಾಗಿ ನನಗೆ ಫೋನ್ ಮಾಡಿದಳು: “ಮಾವ, ಅವತ್ತೊಂದಿನ ಅಪ್ಪಾಜೀನ ಎಲ್ಲಾದ್ರೂ ಸಾಗ್ಸಿ!”

ಸುಳ್ಳು ಹೇಳುವುದು ನನ್ನಿಂದಾಗದು. ಅದೃಷ್ಟವಶಾತ್ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮಗಳಿಗೆ ಅರಕಲಗೂಡಿನಲ್ಲಿ ಒಂದು ಗಂಡು ಗೊತ್ತಾಗಿತ್ತು. “ಭಾವ, ಮನೆ ನೋಡಬೇಕಾಗಿದೆ” ಎಂದೆ. ವಾಕ್ಯಕ್ಕೆ ಪೂರ್ಣವಿರಾಮ ಬೀಳುವ ಮೊದಲೇ ಅವರು ಚಪ್ಪಲಿ ಮೆಟ್ಟಿಯಾಗಿತ್ತು!

ಅರಕಲಗೂಡಿನ ಮನೆಯ ಒಲೆ, ಬಚ್ಚಲು ಪಾಸಾದವು. ಹಿತ್ತಿಲಿಗೆ ಬಂದು ಭಾವನವರು ಬಾವಿ ಇಣುಕುತ್ತಿರುವಾಗ ಫೋನ್ ಬಂತು. ಅವರ ಫೋನು ಊರಿಗೆಲ್ಲ ಕೇಳಿಸುವಂಥದು.

“ಅಪ್ಪಾಜಿ, ಎಲ್ಲಿದ್ದೀರ?”

“ಅರಕಲಗೂಡಲ್ಲಿ ಕಣವ್ವ. ಮನೆ ನೋಡ್ತಿವ್ನಿ.”

“ನಾನೂ ನೋಡ್ತಿದೀನಿ. ಚನ್ರಾಯಪಟ್ಣದಲ್ಲಿ.”

ಭಾವನವರು ನನ್ನನ್ನು ನೋಡಿದರು. ನಾನು ಬಾವಿಯೊಳಗೆ ನೋಡಿದೆ.

“ಕೆಲ್ಸ ಕೊಡ್ತೀವಿ ಅಂದ್ರು ಅಪ್ಪಾಜಿ. ಕುರ್ಚಿ ಮಗುಚಿ ನೋಡ್ದೆ, ಅವರವೇ. ಮುಂಚೆ ಇದ್ದೋರು ಯಾಕ್ ಬಿಟ್ರು ಅಂತ ಕೇಳ್ದೆ. ಬಿಟ್ಟಿಲ್ವಂತೆ, ಬಡ್ತಿ ಸಿಕ್ಕಿ ಪಕ್ಕದ ರೂಮಲ್ಲೇ ಅವ್ರೆ. ಅವ್ರ ಹತ್ರಾನೂ ಮಾತಾಡ್ದೆ.” ಆಕೆ ದನಿ ತಗ್ಗಿಸಿದಳು. “ಮುಂದೆ ನೀರಿಟ್ಟವ್ರೆ ಅಪ್ಪಾಜಿ. ಇನ್ನೂ ಮುಟ್ಟಿಲ್ಲ. ಕುಡೀಲಾ?”

ಭಾವನವರು ಬಾವಿಯ ಕಟ್ಟೆಯಿಂದ ಕೈ ತೆಗೆದು, “ಕುಡಿಯವ್ವ” ಎಂದರು. ಫೋನನ್ನು ನನ್ನ ಕೈಗಿತ್ತರು. ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, ಹಿತ್ತಿಲ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

ತಂಗಿಯನ್ನು ನನಗೆ ಕೊಡಲು ಒಪ್ಪಿದ ದಿನ ನಿಂತದ್ದೂ ಹೀಗೆಯೇ. ನಮ್ಮ ಬಾವಿಯ ನೀರಿನಲ್ಲಿ ಎಂದೂ ಏನೂ ದೋಷವಿರಲಿಲ್ಲ.

ನೌಕರಿ ಒಪ್ಪಿಗೆಯಾದದ್ದು ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿ ಜೂನ್ ತಿಂಗಳ ಹತ್ತನೆಯ ತಾರೀಖು, ಸೋಮವಾರ.